ಅಳು ನಿಲ್ಲಿಸಿದ ಮಗು: ಶಿಶುವಾರ್ಡಿನ ಶುಶ್ರೂಷೆಯನ್ನು ಕುರಿತು



ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಂಬ ಈ ನಾಲ್ಕು ತಾಲೂಕುಗಳ ಆಸ್ಪತ್ರೆಗಳಲ್ಲಿ ಮಲಗುವ ಮಕ್ಕಳ ಪೈಕಿ, ಎದೆಹಾಲನ್ನು ಬಿಟ್ಟು ಇನ್ನೂ ಪಾಠಶಾಲೆಯ ಮೆಟ್ಟಿಲೇರದ, ಸ್ಥೂಲವಾಗಿ ಹೇಳುವುದಾದರೆ ಅಂಗನವಾಡಿಗೆ ಹೋಗುವ ಮೂರರಿಂದ ಆರು ವರ್ಷದೊಳಗಿನ ಮಕ್ಕಳ ಶುಶ್ರೂಷೆಯನ್ನು ನನ್ನ ವಿಷಯವಾಗಿ ಆರಿಸಿಕೊಂಡಿದ್ದೇನೆ. ವೈದ್ಯವನ್ನು ಕುರಿತು ಉಪನ್ಯಾಸಗಳು ನಮ್ಮಲ್ಲಿ ವಿರಳವಲ್ಲ. ವೈದ್ಯನು ಬರೆದುಕೊಟ್ಟ ಚೀಟಿ ಮಂಚದ ತಲೆದೆಸೆಗೆ ತಲುಪಿದ ಮೇಲೆ ಹಗಲಿರುಳು ಏನು ನಡೆಯುತ್ತದೆಂಬುದನ್ನು ಕುರಿತು ಮಾತ್ರ ಸಭೆಗಳಲ್ಲಿ ಕೇಳಿಬರುವುದು ಅಪೂರ್ವ. ಚರಕಾಚಾರ್ಯನಾದರೋ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿ, ವೈದ್ಯ, ಔಷಧ, ರೋಗಿಗಳೊಂದಿಗೆ ಪರಿಚಾರಕನನ್ನೂ ಸಮಾನಸ್ಕಂಧನನ್ನಾಗಿ ನಿಲ್ಲಿಸಿದ್ದಾನೆ. ಆ ಪರಿಚಾರಕನಿಗೆ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳನ್ನು ವಿಧಿಸಿದ್ದಾನೆ. ನಮ್ಮ ಪಠ್ಯಪುಸ್ತಕಗಳಲ್ಲಿ ಮೊದಲ ಎರಡಕ್ಕೂ ಕೊನೆಯದಕ್ಕೂ ಅಧ್ಯಾಯಗಳುಂಟು. ಮೂರನೆಯದಕ್ಕೆ ಪ್ರಶ್ನಪತ್ರಿಕೆಯಲ್ಲಿ ಅಂಕಗಳಿಲ್ಲದುದರಿಂದ ಅದನ್ನು ಆಯಾ ದಾದಿಯ ಸ್ವಭಾವಕ್ಕೆ ಬಿಟ್ಟುಬಿಟ್ಟಿದ್ದೇವೆ.

ಮೊದಲು ನಮ್ಮ ಮಕ್ಕಳು ಯಾರೆಂಬುದನ್ನು ನೋಡೋಣ. ಸೂಪಾ ಪಟ್ಟಣವು ಕಾಳೀನದಿಯ ಜಲಾಶಯದಲ್ಲಿ ಮುಳುಗಿದ ಮೇಲೆ ತಾಲೂಕಿನ ಕೇಂದ್ರವಾದ ಜೋಯಿಡಾದ ಸುತ್ತ, ಅಣಶಿ, ಉಳವಿ, ಡಿಗ್ಗಿಗಳ ಕಾಡಿನೊಳಗೆ ಹರಡಿಕೊಂಡಿರುವ ಕುಣಬಿ ಮನೆಗಳಲ್ಲಿ ಕೊಂಕಣಿ. ಹಳಿಯಾಳ, ಮುಂಡಗೋಡಗಳ ಸಿದ್ದಿಯರ ಕೇರಿಗಳಲ್ಲಿ ಅವರದೇ ಬಗೆಯ ಕೊಂಕಣಿ. ಗೌಳಿಗರ ದಡ್ಡಿಗಳಲ್ಲಿ ಮರಾಠಿಯ ಒಂದು ರೂಪ. 1966ರಿಂದ ಮುಂಡಗೋಡದ ಬಳಿ ನೆಲೆಸಿರುವ ಟಿಬೆಟನ್ನರ ಶಿಬಿರಗಳಲ್ಲಿ ಅವರ ಭಾಷೆ. ಕಾಗದದ ಕಾರ್ಖಾನೆಯನ್ನು ನಂಬಿ ನಾನಾ ದಿಕ್ಕುಗಳಿಂದ ಬಂದು ನಿಂತ ದಾಂಡೇಲಿಯ ಓಣಿಗಳಲ್ಲಿ ಕನ್ನಡ, ಉರ್ದು, ತೆಲುಗು, ಮಲಯಾಳ. ಕಬ್ಬಿನ ಹಂಗಾಮು ಬಂದಿತೆಂದರೆ ಹಳಿಯಾಳದ ಹೊಲಗಳಂಚಿನ ಗುಡಿಸಿಲುಗಳಲ್ಲಿ ಇನ್ನೂ ಒಂದೆರಡು ನುಡಿ. ವಿಜಾಪುರದಿಂದಲೋ ಬಾಗಲಕೋಟೆಯಿಂದಲೋ ನೇಮಕಗೊಂಡು ಬಂದ ಸಿಸ್ಟರಿಗೆ ಇವುಗಳಲ್ಲಿ ಒಂದೋ ಎರಡೋ ಬಂದರೆ ಪುಣ್ಯ. ಪ್ರೌಢನಾದ ರೋಗಿ ಅರೆಬರೆ ಕನ್ನಡದಲ್ಲಾದರೂ ತನ್ನ ಬೇನೆಯನ್ನು ತೋಡಿಕೊಂಡಾನು. ನಾಲ್ಕು ವರ್ಷದ ಕುಣಬಿ ಮಗುವಿಗೆ ತಾಯಿಯ ಮಾತನ್ನುಳಿದು ಜಗತ್ತಿನಲ್ಲಿ ಬೇರೆ ಮಾತೇ ಇಲ್ಲ. ಅದು ಸುಮ್ಮನೆ ಮಲಗಿರುತ್ತದೆ. ಆ ಮೌನವನ್ನು ನಾವು ಸೌಶೀಲ್ಯವೆಂದು ಬಗೆದು, ಪಾಪ, ಬಹಳ ಒಳ್ಳೆಯ ಮಗು, ಹಟವೇ ಇಲ್ಲ, ಎಂದು ಮುಂದಿನ ಪಾಳಿಯವರಿಗೆ ಒಪ್ಪಿಸಿ ಮನೆಗೆ ಹೋಗುತ್ತೇವೆ.

ಹಟವಿಲ್ಲದ ಮಗುವನ್ನು ಕುರಿತೇ ನನ್ನ ಇಂದಿನ ಮಾತು ಮುಖ್ಯವಾಗಿ ನಡೆಯತಕ್ಕದ್ದು. ಅಳುವ ಮಗುವಿಗೆ ಉಸಿರಿದೆ, ಬಲವಿದೆ, ತನ್ನ ಕೂಗಿಗೆ ಯಾರಾದರೂ ಬಂದಾರೆಂಬ ನಂಬಿಕೆಯೂ ಇದೆ. ಅಳು ನಿಲ್ಲಿಸಿದ ಮಗುವಿನಲ್ಲಿ ಈ ಮೂರರಲ್ಲೊಂದು ಕುಂದಿರಬಹುದು; ಕುಂದಿದುದು ಯಾವುದೆಂದು ಮೊದಲು ಕಂಡುಕೊಳ್ಳಬೇಕಾದವಳು ಹತ್ತಿರವಿರುವ ದಾದಿಯೇ.

ದೇಹದ ಮಾತನ್ನು ಮೊದಲು ಮುಗಿಸುತ್ತೇನೆ. ಕುಡಿಯಲಾರದಿರುವುದು, ಕುಡಿದುದೆಲ್ಲವನ್ನೂ ವಾಂತಿ ಮಾಡುವುದು, ಸೆಳವು ಬರುವುದು, ಮಂಕಾಗಿ ಎಚ್ಚರ ತಪ್ಪುವುದು: ಇವು ಐದು ವರ್ಷದೊಳಗಿನ ಮಕ್ಕಳ ಅಪಾಯ ಚಿಹ್ನೆಗಳೆಂದು ಇಂದು ಆಶಾ ಕಾರ್ಯಕರ್ತೆಯೂ ಬಲ್ಲಳು. ಇವುಗಳಲ್ಲಿ ಮಂಕುತನವೇ ಅತ್ಯಂತ ಮೋಸದ್ದು, ಏಕೆಂದರೆ ದಣಿದ ತಾಯಿಯ ಕಣ್ಣಿಗೂ ಎರಡು ಪಾಳಿ ದುಡಿದ ಸಿಸ್ಟರಿನ ಕಣ್ಣಿಗೂ ಅದು ನಿದ್ರೆಯಂತೆಯೇ ಕಾಣುತ್ತದೆ. ಉಸಿರನ್ನು ಮಗು ಅಳುವಾಗ ಎಣಿಸಬಾರದು. ತಾಯಿಯ ಮಡಿಲಲ್ಲಿ ಶಾಂತವಾಗಿರುವಾಗ ಅಂಗಿಯನ್ನು ಮೇಲೆತ್ತಿ ಪೂರ್ತಿ ಒಂದು ನಿಮಿಷ ಎಣಿಸಬೇಕು. ಒಂದರಿಂದ ಐದು ವರ್ಷದವರೆಗಿನ ಮಗುವಿನಲ್ಲಿ ಅದು 40 ಅಥವಾ ಅದಕ್ಕೂ ಮೇಲಿದ್ದರೆ ತ್ವರಿತ ಶ್ವಾಸ. ಅರ್ಧ ನಿಮಿಷ ಎಣಿಸಿ ಇಮ್ಮಡಿಸುವ ಅಭ್ಯಾಸವನ್ನು ನಾನು ಯಾವ ವಿದ್ಯಾರ್ಥಿನಿಗೂ ಕ್ಷಮಿಸಿದವಳಲ್ಲ.

ತೀವ್ರವಾಗಿ ಅಪೌಷ್ಟಿಕತೆಗೆ ಒಳಗಾದ, ರಟ್ಟೆಯ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಾದ ಮಗುವಂತೂ ಮೌನದ ಮೂರ್ತಿ. ಅದಕ್ಕೆ ಜ್ವರವೂ ಸರಿಯಾಗಿ ಬರುವುದಿಲ್ಲ, ಸೋಂಕಿದ್ದರೂ ಮೈ ತಣ್ಣಗಿರುತ್ತದೆ. ಅಂಥದಕ್ಕೆ ಮೊದಲ ದಿನವೇ ಹೊಟ್ಟೆತುಂಬ ಉಣಿಸುವ ಕರುಣೆ ಪ್ರಾಣಾಂತಿಕವಾಗಬಹುದಾದುದರಿಂದ, ಎಫ್-75 ಎಂಬ ತೆಳುವಾದ ಹಾಲಿನ ಆಹಾರವನ್ನು ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ತಪ್ಪದೆ, ಸ್ವಲ್ಪಸ್ವಲ್ಪವಾಗಿ ಕೊಟ್ಟು, ಮೈಯನ್ನು ಬೆಚ್ಚಗಿರಿಸಬೇಕು. ಕುಲಾವಿ ಹಾಕಿ ತಾಯಿಯ ಎದೆಗೊತ್ತಿ ಮಲಗಿಸಿದ ಮೇಲೆ ಹೊದಿಸುವುದೇನನ್ನು? ಸಿದ್ದಿ ಹೆಣ್ಣುಮಕ್ಕಳು ಹಳೆಯ ಸೀರೆ ರವಿಕೆಗಳ ತುಂಡುಗಳನ್ನು ಜೋಡಿಸಿ ಹೊಲಿಯುವ ಕೌದಿಗಳು ಈಗ ದೂರದ ನಗರಗಳಲ್ಲಿ ಪ್ರದರ್ಶನಕ್ಕೆ ಹೋಗುತ್ತವೆ. ಅದೇ ಕೌದಿ ಮಗುವಿನ ಜೊತೆ ವಾರ್ಡಿಗೆ ಬಂದರೆ ಅದನ್ನು ಮಂಚದಡಿಗೆ ತಳ್ಳಿಸುತ್ತೇವೆ. ಶುಚಿತ್ವದ ಆಕ್ಷೇಪ ಸುಳ್ಳಲ್ಲ. ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದರೆ ಆ ಆಕ್ಷೇಪ ಪರಿಹಾರವಾಗುತ್ತದೆ. ಮನೆಯ ವಾಸನೆಯ ಒಂದು ವಸ್ತುವಾದರೂ ಮಗುವಿನ ಪಕ್ಕದಲ್ಲಿ ಉಳಿಯುತ್ತದೆ.

ಇನ್ನು ಮನಸ್ಸಿನ ಮಾತು. ಯುರೋಪಿನ ಆಸ್ಪತ್ರೆಗಳಲ್ಲಿ ಬಹುಕಾಲದವರೆಗೆ ತಾಯಿಯನ್ನು ಶಿಶುವಾರ್ಡಿನಿಂದ ದೂರವಿಡುವುದೇ ಶಾಸ್ತ್ರವಾಗಿತ್ತು. ತಾಯಿ ಬಂದು ಹೋದ ಮೇಲೆ ಮಗು ಅಳುತ್ತದೆ, ಬಾರದಿದ್ದರೆ ಹೊಂದಿಕೊಂಡು ಸುಮ್ಮನಿರುತ್ತದೆ, ಎಂಬುದೇ ಅದಕ್ಕೆ ಕೊಟ್ಟ ಸಮರ್ಥನೆ. ಇಂಗ್ಲೆಂಡಿನ ನ್ಯೂಕಾಸಲ್ ನಗರದಲ್ಲಿ ಜೇಮ್ಸ್ ಸ್ಪೆನ್ಸ್ ಎಂಬ ವೈದ್ಯರು 1920ರ ದಶಕದಲ್ಲಿಯೇ ತಾಯಂದಿರನ್ನು ಮಕ್ಕಳೊಂದಿಗೆ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಲಾರಂಭಿಸಿದರೂ ಅವರ ಮಾರ್ಗವನ್ನು ಅನುಸರಿಸಿದವರು ಕೆಲವರೇ. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು, ಸಣ್ಣದೊಂದು ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡೂವರೆ ವರ್ಷದೊಳಗಿನ ಹುಡುಗಿಯೊಬ್ಬಳ ಚಲನಚಿತ್ರವನ್ನು ವೈದ್ಯರ ಸಭೆಗಳಲ್ಲಿ ತೋರಿಸಿದರು. ಹುಡುಗಿ ದೊಡ್ಡದಾಗಿ ಅತ್ತವಳಲ್ಲ. ಅಳುವನ್ನು ನುಂಗಿಕೊಂಡು, ತನ್ನ ಬೊಂಬೆಯನ್ನೂ ಹೊದಿಕೆಯನ್ನೂ ಅಪ್ಪಿಕೊಂಡು, ದಿನದಿನಕ್ಕೆ ಮಂಕಾದವಳು. ಮೊದಲು ಪ್ರತಿಭಟನೆ, ಅನಂತರ ನಿರಾಶೆ, ಕೊನೆಗೆ ತಾಯಿ ಬಂದರೂ ಮುಖ ತಿರುಗಿಸುವ ವಿಮುಖತೆ ಎಂದು ಅವರು ಈ ಅವಸ್ಥೆಗಳನ್ನು ವಿಭಾಗಿಸಿದರು. ದಾದಿಯರು ಹೊಂದಿಕೆಯೆಂದು ಸಂತೋಷಪಡುತ್ತಿದ್ದುದು ಎರಡನೆಯ, ಮೂರನೆಯ ಅವಸ್ಥೆಗಳನ್ನೇ. ಅನೇಕರಿಗೆ ಚಿತ್ರ ಹಿಡಿಸಲಿಲ್ಲ. ಆದರೂ 1959ರಲ್ಲಿ ಆ ದೇಶದ ಪ್ಲ್ಯಾಟ್ ಸಮಿತಿಯು, ತಂದೆತಾಯಿಗಳ ಭೇಟಿಗೆ ನಿರ್ಬಂಧವಿರಬಾರದೆಂದೂ, ವಿಶೇಷತಃ ಐದು ವರ್ಷದೊಳಗಿನ ಮಕ್ಕಳೊಂದಿಗೆ ತಾಯಂದಿರನ್ನೂ ಸೇರಿಸಿಕೊಳ್ಳಬೇಕೆಂದೂ ವರದಿ ಕೊಟ್ಟಿತು.

ಅವರು ಹೋರಾಡಿ ಪಡೆದುದು ನಮ್ಮ ಸರಕಾರಿ ವಾರ್ಡುಗಳಲ್ಲಿ ಬಡತನದಿಂದಲೋ ಪದ್ಧತಿಯಿಂದಲೋ ಮೊದಲಿನಿಂದಲೂ ಇದ್ದೇ ಇದೆ: ತಾಯಿ ಮಗುವಿನ ಮಂಚದಲ್ಲಿಯೇ ಮುದುಡಿ ಮಲಗುತ್ತಾಳೆ, ಅಜ್ಜಿ ಕೆಳಗೆ ಚಾಪೆಯ ಮೇಲೆ. ಇದನ್ನು ಗದ್ದಲವೆಂದು ಹಳಿಯುವವರಿದ್ದಾರೆ. ನನ್ನ ಮತದಲ್ಲಿ ನಮ್ಮ ಶಿಶುವಾರ್ಡುಗಳ ಅತ್ಯುತ್ತಮ ಗುಣ ಇದೊಂದೇ. ಆದರೆ ತಾಯಿ ಅತ್ಯಂತ ಬೇಕಾದ ಗಳಿಗೆಯಲ್ಲಿ, ಅಂದರೆ ಸೂಜಿ ಚುಚ್ಚುವಾಗ, ನಾವು, "ಅವ್ವಾರ, ಹೊರಗ ನಿಲ್ರಿ" ಎಂದು ಕಳುಹಿಸಿ, ಮೂರು ಜನ ಸೇರಿ ಮಗುವನ್ನು ಅಂಗಾತ ಒತ್ತಿ ಹಿಡಿಯುತ್ತೇವೆ. ತಾಯಿಯ ಎದೆಗೆ ಎದೆಯಿಟ್ಟು ತೊಡೆಯ ಮೇಲೆ ಕೂತ ಮಗುವಿನ ಕೈಯನ್ನು ಹಿಂದಿನಿಂದ ಹಿಡಿದುಕೊಂಡರೂ ಸಲಾಯಿನ್ ಸೂಜಿ ಹೋಗುತ್ತದೆ. ಬೇಕಾದುದು ಸ್ವಲ್ಪ ತಾಳ್ಮೆ. ಸೂಜಿಯ ಕೆಲಸವನ್ನು ಮಂಚದ ಮೇಲೆ ಮಾಡದೆ ಡ್ರೆಸ್ಸಿಂಗ್ ಕೋಣೆಗೊಯ್ದು ಮಾಡಬೇಕು. ಮಂಚ ಮಗುವಿಗೆ ನಿರ್ಭಯವಾದ ಸ್ಥಳವಾಗಿ ಉಳಿಯಲಿ. ಬೆರಳು ಚೀಪುವ ಮಗುವಾದರೆ ಆ ಕೈಯನ್ನು ಬಿಟ್ಟು ಇನ್ನೊಂದಕ್ಕೆ ರಟ್ಟು ಕಟ್ಟಬೇಕು.

ಈ ವಯಸ್ಸಿನ ಬುದ್ಧಿ ವಿಚಿತ್ರವಾದುದು. ಒಂದು ಸಂಗತಿಯ ಹಿಂದೆ ಇನ್ನೊಂದು ಬಂದರೆ ಮೊದಲನೆಯದೇ ಎರಡನೆಯದಕ್ಕೆ ಕಾರಣವೆಂದು ಅದು ನಂಬುತ್ತದೆ. ನಿನ್ನೆ ತಮ್ಮನನ್ನು ಹೊಡೆದೆ, ಇಂದು ಜ್ವರ ಬಂತು, ಆದುದರಿಂದ ಇದು ಶಿಕ್ಷೆ. ಆ ನಂಬಿಕೆಗೆ ನೀರೆರೆದು ಬೆಳೆಸುವವರು ನಾವೇ. "ಸುಮ್ಮನಿರ್ತೀಯೋ, ಸೂಜಿ ಮಾಡಸ್ಲೋ?" ಎಂಬ ಬೆದರಿಕೆ ಕೇಳದ ಓಣಿ ಧಾರವಾಡದ ಸೀಮೆಯಿಂದ ಇತ್ತ ಎಲ್ಲಿದೆ? ಮಗುವಿನ ಲೆಕ್ಕದಲ್ಲಿ ದೇಹವೆಂಬುದು ನೀರು ತುಂಬಿದ ಚೀಲ. ತೂತಾದರೆ ಒಳಗಿರುವುದೆಲ್ಲ ಸೋರಿಹೋಗುವುದು. ಹಾಗಾಗಿ ರಕ್ತಪರೀಕ್ಷೆಗೆ ಚುಚ್ಚಿದ ಸಾಸಿವೆಯಷ್ಟು ಗಾಯಕ್ಕೂ ಒಂದು ಪಟ್ಟಿ ಅಂಟಿಸಿದರೆ ಅಳು ನಿಂತುಹೋಗುವುದುಂಟು. ಚುಚ್ಚುವ ಮೊದಲು ಸಿರಿಂಜನ್ನು ಸೂಜಿಯಿಲ್ಲದೆ ಅದರ ಕೈಗೇ ಕೊಟ್ಟು, ಅಂಗನವಾಡಿಯಿಂದ ತಂದ ಬೊಂಬೆಗೆ ಚುಚ್ಚಲು ಬಿಡಬೇಕು. ಆಟದಲ್ಲಿ ತಾನೇ ಡಾಕ್ಟರಾದ ಮಗುವಿನ ಭಯ ಅರ್ಧ ಇಳಿದಿರುತ್ತದೆ. ನೋವಾಗುವುದಿಲ್ಲವೆಂದು ಮಾತ್ರ ಸುಳ್ಳು ಹೇಳಬಾರದು. ಔಷಧವನ್ನು ಮಿಠಾಯಿ ಎಂದು ಕರೆಯುವುದೂ ಸಲ್ಲದು. ಮನೆಗೆ ಹೋದ ಮೇಲೆ ಅಜ್ಜನ ರಕ್ತದೊತ್ತಡದ ಗುಳಿಗೆಯನ್ನೂ ಮಿಠಾಯಿಯೆಂದೇ ಅದು ತಿಂದೀತು.

ಭಾಷೆಯಿಲ್ಲದ ಕಡೆ ನೋವನ್ನು ಅರಿಯುವುದು ಹೇಗೆ? ನಗುಮುಖದಿಂದ ಅಳುಮುಖದವರೆಗೆ ಆರು ಮುಖಗಳನ್ನು ಬರೆದ ವಾಂಗ್-ಬೇಕರ್ ಪಟ್ಟಿಯನ್ನು ಮೂರು ವರ್ಷ ದಾಟಿದ ಮಗುವಿಗೆ ತೋರಿಸಿ, ನಿನ್ನ ಮುಖ ಯಾವುದೆಂದು ತಾಯಿಯ ಮೂಲಕ ಕೇಳಬಹುದು. ಅದಕ್ಕೂ ಬಹು ಹಿಂದೆ ನಮ್ಮ ಕೌಮಾರಭೃತ್ಯ ಶಾಸ್ತ್ರದ ಕಾಶ್ಯಪಸಂಹಿತೆಯಲ್ಲಿ, ಮಾತು ಬಾರದ ಶಿಶುವಿನ ವೇದನೆಯನ್ನು ಚೇಷ್ಟೆಗಳಿಂದ ಊಹಿಸುವುದಕ್ಕಾಗಿಯೇ ಒಂದು ಅಧ್ಯಾಯವಿದೆ: ತಲೆನೋವಿನಿಂದ ಬಳಲುವ ಮಗು ತಲೆಯನ್ನು ಹೊರಳಿಸುತ್ತ ಕಣ್ಣು ಮುಚ್ಚಿಕೊಳ್ಳುತ್ತದೆ, ಕಿವಿನೋವಿನದು ಕೈಯಿಂದ ಕಿವಿಯನ್ನು ಮುಟ್ಟಿಕೊಳ್ಳುತ್ತದೆ, ಇತ್ಯಾದಿ. ಗ್ರಂಥ ಹಳೆಯದಾದರೂ ಅದು ಕಲಿಸುವ ನೋಟ ಹಳತಾಗಿಲ್ಲ.

ದಕ್ಷತೆಯ ವಿಷಯದಲ್ಲಿ ಎರಡೇ ಲೆಕ್ಕ ಹೇಳಿ ಮುಂದುವರಿಯುತ್ತೇನೆ. ಉಳಿದುದನ್ನು ವಿದ್ಯಾರ್ಥಿನಿಯರಾದ ನೀವು ತರಗತಿಯಲ್ಲಿ ಕಲಿತೇ ಇದ್ದೀರಿ. ಬಾಯಿಂದ ಏನನ್ನೂ ತೆಗೆದುಕೊಳ್ಳಲಾರದ 14 ಕಿಲೋ ತೂಕದ ಮಗುವಿಗೆ, ಮೊದಲ 10 ಕಿಲೋಗಳಿಗೆ ತಲಾ 100, ಮೇಲಿನ ನಾಲ್ಕಕ್ಕೆ ತಲಾ 50 ಮಿಲಿಲೀಟರಿನಂತೆ ದಿನಕ್ಕೆ 1200, ಎಂದರೆ ಗಂಟೆಗೆ 50 ಮಿಲಿಲೀಟರು ದ್ರವ ಹೋಗಬೇಕೆನ್ನಿ. ಅರವತ್ತು ಹನಿಗೆ ಒಂದು ಮಿಲಿಲೀಟರಾಗುವ ಮೈಕ್ರೋ ಸೆಟ್ಟಿನಲ್ಲಿ ಗಂಟೆಯ ಮಿಲಿಲೀಟರೇ ನಿಮಿಷದ ಹನಿ, ಅಂದರೆ 50. ಎರಡನೆಯದು ಜ್ವರದ ಸಿರಪ್ಪು. 12 ಕಿಲೋ ಮಗುವಿಗೆ ಕಿಲೋಗೆ 15ರಂತೆ 180 ಮಿಲಿಗ್ರಾಮ್ ಪ್ಯಾರಾಸಿಟಮಾಲ್ ಬೇಕು. ಐದು ಮಿಲಿಲೀಟರಿಗೆ 120 ಇರುವ ಬಾಟಲಿಯಿಂದಾದರೆ ಅದು 7.5 ಮಿಲಿಲೀಟರು, 250 ಇರುವ ಬಾಟಲಿಯಿಂದಾದರೆ ನಾಲ್ಕಕ್ಕಿಂತ ಕಡಿಮೆ. ಎರಡೂ ಬಾಟಲಿಗಳು ಒಂದೇ ಅಂಗಡಿಯ ಒಂದೇ ಹಲಗೆಯ ಮೇಲಿರುತ್ತವೆ. ತೂಕಕ್ಕೆ ತಕ್ಕಂತೆ ಅಳೆಯುವ ಈ ನಿಯಮಕ್ಕೆ ಕಾಡಿನ ಸೀಮೆಯವರಾದ ನಾವು ತಿಳಿದಿರಬೇಕಾದ ಅಪವಾದವೊಂದುಂಟು: ಹಾವು ಕಡಿದ ಮಗುವಿಗೆ ಪ್ರತಿವಿಷವನ್ನು ದೊಡ್ಡವರಷ್ಟೇ ಕೊಡಬೇಕು, ಹಾವು ಸುರಿಸುವ ವಿಷ ಮಗುವೆಂದು ಕಡಿಮೆಯಾಗುವುದಿಲ್ಲ.

ಇಲ್ಲಿ ಆಗದ ಚಿಕಿತ್ಸೆಗಾಗಿ ರೋಗಿಯನ್ನು ಹುಬ್ಬಳ್ಳಿಗೆ ಬರೆದುಕೊಡುವುದೆಂಬ ಮಾತು ನಮ್ಮ ತಾಲೂಕುಗಳ ಪ್ರತಿಯೊಂದು ಮನೆಗೂ ಪರಿಚಿತ. ಮುಂಡಗೋಡದವರಿಗೆ ಅದು ಸುಮಾರು 50 ಕಿಲೋಮೀಟರಿನ ಹಾದಿ; ಡಿಗ್ಗಿಯ ಕಡೆಯವರಿಗೆ ಮೊದಲು ಜೋಯಿಡಾ, ಆಮೇಲೆ ದಾಂಡೇಲಿ, ಆಮೇಲೆ ಹುಬ್ಬಳ್ಳಿ. 108ರ ಗಾಡಿ ಬಂದಾಗ ಚೀಟಿಯಲ್ಲಿ ಔಷಧದ ವಿವರವಿರುತ್ತದೆ. ಈ ಮಗು ಯಾವ ಮಾತನ್ನು ಆಡುತ್ತದೆ, ಮೂತ್ರಕ್ಕೆ ಮನೆಯಲ್ಲಿ ಏನೆನ್ನುತ್ತದೆ, ಯಾವುದಕ್ಕೆ ಹೆದರುತ್ತದೆ ಎಂಬ ಮೂರು ಸಾಲು ಇರುವುದಿಲ್ಲ. ಅದನ್ನು ಬರೆಯಲು ಯಾರ ಅಪ್ಪಣೆಯೂ ಬೇಡ. ತಾಯಿಗೆ ಇನ್ನೆರಡು ಮಕ್ಕಳು ಮನೆಯಲ್ಲಿರುತ್ತಾರೆ, ಕೂಲಿ ತಪ್ಪುತ್ತದೆ, ಹಸಿವೂ ಇರುತ್ತದೆ; ಅವಳು ಊಟ ಮಾಡಿದಳೇ ಎಂದು ಕೇಳುವುದೂ ಮಗುವಿನ ಶುಶ್ರೂಷೆಯ ಭಾಗವೇ, ಏಕೆಂದರೆ ಅವಳು ಸೋತು ಊರಿಗೆ ಹೊರಟಳೆಂದರೆ ಮಗುವಿನ ಚಿಕಿತ್ಸೆಯೂ ಅಲ್ಲಿಗೇ ನಿಲ್ಲುತ್ತದೆ.

ಮನೆಗೆ ಮರಳಿದ ಮಗು ಕೆಲವು ದಿನ ಹಾಸಿಗೆಯಲ್ಲಿ ಉಚ್ಚೆ ಹೊಯ್ಯಬಹುದು, ತಾಯಿಯ ಸೆರಗು ಬಿಡದಿರಬಹುದು, ಬಿಟ್ಟುಹೋಗಿದ್ದ ಬೆರಳು ಚೀಪುವಿಕೆ ಮರಳಬಹುದು. ಇದು ಹಟವೂ ಅಲ್ಲ, ದೃಷ್ಟಿಯೂ ಅಲ್ಲ, ಬೈದು ಬಿಡಿಸತಕ್ಕದ್ದೂ ಅಲ್ಲವೆಂದು ಡಿಸ್ಚಾರ್ಜಿನ ದಿನವೇ ತಾಯಿಗೂ, ಸಾಧ್ಯವಾದರೆ ಊರಿನ ಅಂಗನವಾಡಿ ಟೀಚರಿಗೂ ಹೇಳಬೇಕು. ಭೇದಿಯಾಗಿ ಬಂದಿದ್ದ ಮಗುವಾದರೆ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರು ನೀರಿನಲ್ಲಿ ತಾಯಿಯೇ ನಮ್ಮೆದುರು ಕಲಸಲಿ, ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ನಿಧಾನವಾಗಿ ಕುಡಿಸುವುದನ್ನು ಕಲಿಯಲಿ. ಜಿಂಕ್ ಗುಳಿಗೆ 20 ಮಿಲಿಗ್ರಾಮಿನದು, ದಿನಕ್ಕೊಂದು, 14 ದಿನ. ಭೇದಿ ಮೂರನೆಯ ದಿನಕ್ಕೆ ನಿಂತಿತೆಂದು ಉಳಿದ ಹನ್ನೊಂದನ್ನು ಗೂಡಿನಲ್ಲಿಟ್ಟು ಮರೆಯುವುದು ಎಲ್ಲ ಕಡೆಯ ವಾಡಿಕೆ. ಆದುದರಿಂದ ನೀವು ಹೇಳಿದುದನ್ನು ಆಕೆ ತನ್ನ ಕೊಂಕಣಿಯಲ್ಲಿಯೋ ಮರಾಠಿಯಲ್ಲಿಯೋ ಪಕ್ಕದ ಮಂಚದ ತಾಯಿಗೆ ತಿರುಗಿ ಹೇಳಲಿ. ಪಕ್ಕದವಳು ತಪ್ಪನ್ನು ತಿದ್ದುತ್ತಾಳೆ. ಅದು ಮುಗಿದ ಮೇಲೆ ಚೀಟಿಗೆ ಸಹಿ ಮಾಡಿ ಅವರನ್ನು ಬಸ್ಸಿಗೆ ಕಳುಹಿಸಿರಿ.