ದ್ವೀಪಕ್ಕೆ ಹೊರಡುವ ಮುನ್ನ

ರಜೆಯ ಮಾತು ಬಂದರೆ ಸಾಕು, ಈಚೆಗೆ ದ್ವೀಪಗಳ ಹೆಸರು ಕೇಳಿಬರುತ್ತದೆ. ನಮ್ಮ ಹಿರಿಯಡ್ಕದಂಥ ಸಣ್ಣ ಪೇಟೆಯಲ್ಲಿಯೂ ಬಾಲಿಗೆ ಹೋಗಿ ಬಂದವರಿದ್ದಾರೆ, ಸಿಂಹಳವನ್ನು ಸುತ್ತಿ ಬಂದವರಿದ್ದಾರೆ. ನನ್ನ ಅಕ್ಕನ ಮಗ ಸಂಸಾರಸಮೇತ ಮಲೇಷ್ಯದ ಪೆನಾಂಗ್ ದ್ವೀಪಕ್ಕೆ ಹೊರಡುವ ಸನ್ನಾಹದಲ್ಲಿದ್ದಾನೆ. ಅದನ್ನು ಆರಿಸಿಕೊಂಡದ್ದಕ್ಕೆ ಅವನಲ್ಲಿ ಸಕಾರಣಗಳಿವೆ. ಅಲ್ಲಿನ ಜಾರ್ಜ್‌ಟೌನ್ ಎಂಬ ಹಳೆಯ ಪೇಟೆ 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಒಂದೇ ಬೀದಿಯ ಆಸುಪಾಸಿನಲ್ಲಿ ಚೀನಿಯರ ಗುಡಿ, ತಮಿಳರ ಮಾರಿಯಮ್ಮನ ಗುಡಿ, ಮುಸಲ್ಮಾನರ ಮಸೀದಿ ಕೂಗಳತೆಯಲ್ಲಿ ನಿಂತಿವೆ. ಬೀದಿಬದಿಯ ಗಾಡಿಗಳ ತಿಂಡಿಗಾಗಿಯೇ ಅಲ್ಲಿಗೆ ದೂರದೂರದಿಂದ ಜನ ಬರುತ್ತಾರಂತೆ. ಇವನ್ನೆಲ್ಲ ಅವನು ಊರಿಗೆ ಬಂದಿದ್ದಾಗ ಜಗಲಿಯಲ್ಲಿ ಕುಳಿತು ಓದಿ ಹೇಳಿದ. ಹುರುಳಿ ಆರಿಸುತ್ತ ಕೇಳುತ್ತಿದ್ದ ಅಕ್ಕ, ಎಲ್ಲ ಮುಗಿದ ಮೇಲೆ, "ಮಲ್ಪೆಯ ದ್ವೀಪಕ್ಕೆ ದೋಣಿಯಲ್ಲಿ ಎಷ್ಟು ಹೊತ್ತು ಬೇಕೋ?" ಎಂದಳು.

ಅಕ್ಕ ಮದುವೆಯಾಗಿ ಹಿರಿಯಡ್ಕಕ್ಕೆ ಬಂದು ಐವತ್ತೈದು ವರ್ಷ ಸಂದಿತು. ಆತ್ರಾಡಿ, ಪರ್ಕಳ, ಮಣಿಪಾಲಗಳನ್ನು ದಾಟಿ ಉಡುಪಿ, ಅಲ್ಲಿಂದ ಮಲ್ಪೆ. ಎಲ್ಲ ಸೇರಿ 20 ಕಿಲೋಮೀಟರಿಗೆ ತುಸು ಹೆಚ್ಚು. ಬೆಂಗಳೂರು, ಮುಂಬಯಿಗಳಿಂದ ಬಂದ ನೆಂಟರನ್ನೆಲ್ಲ ಬೆಳಗ್ಗೆ ದ್ವೀಪ ನೋಡಲು ಕಳುಹಿಸಿ, ಅವರು ಹಸಿದು ಹಿಂದಿರುಗುವ ಹೊತ್ತಿಗೆ ಅಡಿಗೆ ಮಾಡಿಟ್ಟು ಕಾದವಳು ಅವಳು. ಅವರು ತಂದ ಚಿಪ್ಪುಗಳು ದೇವರ ಕೋಣೆಯ ಗೂಡಿನಲ್ಲಿ ಇಂದಿಗೂ ಇವೆ. "ನೀನೂ ಬಾ" ಎಂದು ಅವಳನ್ನು ಕರೆದವರು ಯಾರೂ ಇರಲಿಲ್ಲ. ಹಸು, ತೋಟ, ಮಾವನವರ ಮದ್ದು ಎಂದು ಅವಳೂ ಕೇಳಿದವಳಲ್ಲ. ಆದ್ದರಿಂದ ಈ ಸಲದ ನನ್ನ ಪ್ರವಾಸದ ಯೋಜನೆ ಎರಡು ದಿನದ್ದು, ಎಪ್ಪತ್ತು ದಾಟಿದ ಒಬ್ಬ ಹೆಂಗಸನ್ನು ಉದ್ದೇಶಿಸಿದ್ದು. ಮನೆಯಲ್ಲಿ ಹಿರಿಯರಿದ್ದವರಿಗೆ ಪ್ರಯೋಜನಕ್ಕೆ ಬಂದೀತೆಂದು ಅದನ್ನೇ ಇಲ್ಲಿ ವಿವರಿಸುತ್ತೇನೆ.

ಮೊದಲು ನಿಶ್ಚಯಿಸಬೇಕಾದದ್ದು ತಿಂಗಳು. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿಗಳಿಲ್ಲ. ನಮ್ಮ ಕರಾವಳಿಯಲ್ಲಿ ಮೇ ತಿಂಗಳ ಕೊನೆಯ ವಾರದ ಪತ್ತನಾಜೆಗೆ ಮೇಳಗಳವರು ಗೆಜ್ಜೆ ಬಿಚ್ಚುತ್ತಾರೆ. ಜೂನ್ ಆರಂಭದಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಯೂ ನಿಲ್ಲುತ್ತದೆ. ಆಟವೂ ಕಡಲೂ ಸರಿಸುಮಾರು ಒಟ್ಟಿಗೇ ಬಾಗಿಲು ಹಾಕಿಕೊಳ್ಳುವ ನಾಡು ಇದು. ನನಗೆ ಡಿಸೆಂಬರ್ ಒಪ್ಪಿತ. ಬೆಳಗಿನ ಕಡಲು ಸೌಮ್ಯವಾಗಿರುತ್ತದೆ. ಕಾಪುವಿನ ಕಡೆಯ ಮಟ್ಟುಗುಳ್ಳವೂ ಪೇಟೆಗೆ ಬಂದಿರುತ್ತದೆ. 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಈ ಬದನೆಯ ಹುಳಿಯನ್ನು ಉಣ್ಣದೆ ಉಡುಪಿಯಿಂದ ಮರಳಿದವರನ್ನು ನಾನು ಪ್ರವಾಸಿಗಳೆಂದು ಒಪ್ಪುವುದಿಲ್ಲ. ಜನವರಿಯೂ ಆಗಬಹುದು, ಆದರೆ ಸಮಸಂಖ್ಯೆಯ ವರ್ಷವಾದರೆ 18ನೆಯ ತಾರೀಕಿನ ಪರ್ಯಾಯದ ಜನಸಂದಣಿಯಲ್ಲಿ ಮಂಡಿನೋವಿನವರ ಪಾಡು ಕಷ್ಟ. ದಿನವೂ ಆದಿತ್ಯವಾರ ಬೇಡ. ಕೆಲಸದ ದಿನ ಜನ ತುಂಬುವ ತನಕ ದೋಣಿ ಹೊರಡದೆ ಕಾಯಿಸಬಹುದು, ಕಾಯೋಣ.

ಅಕ್ಕನ ಪ್ರಶ್ನೆಗೆ ಉತ್ತರ ಅರ್ಧ ಗಂಟೆ. ದಡದಿಂದ ಸುಮಾರು 6 ಕಿಲೋಮೀಟರ್. ಸೈಂಟ್ ಮೇರೀಸ್ ಎಂದು ನಕ್ಷೆಯಲ್ಲಿ ಬರೆದಿರುವ ಈ ದ್ವೀಪಸಮೂಹವನ್ನು ನಮ್ಮವರು ತೋನ್ಸೆಪಾರ್ ಎಂದು ಕರೆಯುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಆ ತಾಯಿಯ ಹೆಸರಿಟ್ಟನೆಂಬ ಪ್ರತೀತಿ ಇದೆ. ಅವನ ಹೆಸರನ್ನು ಹೇಳದೆ ಯಾವ ಮಾರ್ಗದರ್ಶಿಯೂ ಮುಂದೆ ಹೋಗುವುದಿಲ್ಲ. ನನಗಾದರೋ ಅವನಿಗಿಂತ ಅಲ್ಲಿನ ಕಲ್ಲೇ ದೊಡ್ಡದು. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಭಾರತವೂ ಮಡಗಾಸ್ಕರವೂ ಒಂದನ್ನೊಂದು ಬಿಟ್ಟು ಅಗಲುವ ಕಾಲದಲ್ಲಿ, ನೆಲದೊಳಗಿಂದ ಉಕ್ಕಿದ ಲಾವಾರಸ ಇಲ್ಲಿ ತಣಿದು ಗಟ್ಟಿಯಾಯಿತು. ತಣಿಯುತ್ತ ಕುಗ್ಗಿತು, ಕುಗ್ಗುತ್ತ ಬಿರಿಯಿತು. ಕೊಯ್ಲಿನ ಬಳಿಕ ಒಣಗಿದ ಗದ್ದೆ ಬಿರುಕು ಬಿಡುವುದನ್ನು ಕಂಡವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಆ ಬಿರುಕುಗಳೇ ಆಳಕ್ಕೆ ಇಳಿದು ಐದು, ಆರು, ಏಳು ಮುಖದ ಕಲ್ಲುಕಂಬಗಳಾದವು. ಯಾವ ಉಳಿಯೂ ತಾಗದ ಕಂಬಗಳು ಸಾಲುಸಾಲಾಗಿ ನಿಂತಿವೆ. ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿದೆ.

ದ್ವೀಪದಲ್ಲಿ ಮನುಷ್ಯವಾಸವಿಲ್ಲ, ರಾತ್ರಿ ತಂಗುವಂತಿಲ್ಲ. ತೆಂಗಿನ ಮರಗಳ ನೆರಳಿದೆ. ದಂಡೆಯಲ್ಲಿ ಮರಳಿಗಿಂತ ಚಿಪ್ಪೇ ಹೆಚ್ಚು, ಬರಿಗಾಲಿಗೆ ಚುಚ್ಚುತ್ತದೆ. ದೋಣಿ ಹತ್ತುವಾಗ, ಇಳಿಯುವಾಗ ಅಲೆಗೆ ತೂಗಾಡುವ ಅಂಚನ್ನು ದಾಟಬೇಕು. ಆದಕಾರಣ ಇಬ್ಬರು ಗಟ್ಟಿಗರು ಜೊತೆಗಿರಬೇಕು, ಕಾಲಿಗೆ ಹಿಂಬದಿ ಪಟ್ಟಿಯಿರುವ ಚಪ್ಪಲಿ ಬೇಕು, ಸೀರೆಯನ್ನು ತುಸು ಎತ್ತಿ ಉಡಬೇಕು. ಒಂದೂವರೆ ಗಂಟೆ ಧಾರಾಳವಾಯಿತು. ಕಂಬಗಳನ್ನು ಏರಿ ಭಾವಚಿತ್ರ ತೆಗೆಸಿಕೊಳ್ಳುವ ಹುಮ್ಮಸ್ಸನ್ನು ಯುವಕರೂ ಬಿಡುವುದೊಳ್ಳೆಯದು. ಪಾಚಿ ಹಿಡಿದ ಕಲ್ಲಿನ ಮೇಲೆ ಜಾರಿದವರುಂಟು.

ಊಟ ತಿಂಡಿಯ ಪ್ರಕರಣ ಉಡುಪಿಯಲ್ಲಿ. ಕೃಷ್ಣನೇ ಇಲ್ಲಿಗೆ ಕಡಲ ಹಾದಿಯಿಂದ ಬಂದವನೆಂದು ಹೇಳುತ್ತಾರೆ. ಮಲ್ಪೆಯ ಬಳಿ ಅಪಾಯಕ್ಕೆ ಸಿಲುಕಿದ ಹಡಗನ್ನು ಮಧ್ವಾಚಾರ್ಯರು ಉಳಿಸಿದಾಗ, ಅದರಲ್ಲಿದ್ದ ಗೋಪೀಚಂದನದ ಗಡ್ಡೆಯೊಳಗೆ ವಿಗ್ರಹ ದೊರೆಯಿತಂತೆ. ಮಠದ ಅಡಿಗೆಮನೆಗಳಲ್ಲಿ ಪಳಗಿದ ಕೈಗಳ ರುಚಿ ಊರೂರಿಗೆ ಹೋಯಿತು. 1924ರಲ್ಲಿ ಬೆಂಗಳೂರಿನಲ್ಲಿ ಮಾವಳ್ಳಿ ಟಿಫಿನ್ ರೂಮ್ಸ್ ಆರಂಭಿಸಿದವರೂ ಈ ಸೀಮೆಯ ಮಯ್ಯರೇ. ರಥಬೀದಿಯ ಸಮೀಪದ ಮಿತ್ರ ಸಮಾಜದಲ್ಲಿ ಗೋಳಿಬಜೆ, ಬನ್ಸ್, ಮಸಾಲೆ ದೋಸೆ. ಅಕ್ಕ ಮೊದಲ ತುತ್ತಿಗೇ ಉದ್ದು ಕಡಮೆಯೋ ಹೆಚ್ಚೋ ಎಂದು ತೀರ್ಪು ಕೊಡುವಳು, ಕೊಡಲಿ. ಇನ್ನೊಬ್ಬರು ಮಾಡಿ ಬಡಿಸಿದ್ದನ್ನು ಕುಳಿತು ತಿಂದು ದೋಷ ಹೇಳುವ ಸುಖ ಅವಳಿಗೆ ಎಷ್ಟು ಸಲ ದಕ್ಕಿದೆ? ಬುತ್ತಿ ಕಟ್ಟಿಕೊಳ್ಳೋಣವೆಂದಳು, ಆ ಎರಡು ದಿನ ಒಲೆ ಹೊತ್ತಿಸಕೂಡದೆಂದು ನಾನು ಷರತ್ತು ಹಾಕಿದ್ದೇನೆ. ಸಂಜೆ ಪುನಃ ಮಲ್ಪೆಯ ದಂಡೆಗೆ ಹೋಗಿ, ತೆಂಗಿನೆಣ್ಣೆ ಬೆರೆಸಿ ಕಾಗದದ ಪೊಟ್ಟಣದಲ್ಲಿ ಕೊಡುವ ಚರುಮುರಿ ತಿನ್ನಬೇಕು. ಅದನ್ನು ತಟ್ಟೆಯಲ್ಲಿ ಹಾಕಿ ಕೊಟ್ಟರೆ ರುಚಿಸದು.

ಎರಡನೆಯ ದಿನ ಕಾರ್ಕಳದ ಕಡೆ. 1432ರಲ್ಲಿ ನಿಂತ 42 ಅಡಿಯ ಗೊಮ್ಮಟನನ್ನು ಕಾಣಲು ಬೆಟ್ಟ ಹತ್ತಬೇಕು. ಮೆಟ್ಟಿಲು ಆಗದವರು ಎದುರಿನ ಚತುರ್ಮುಖ ಬಸದಿಯ ಬಳಿಯಿಂದಲೇ ಅವನತ್ತ ನೋಡಬಹುದು. 1586ರ ಆ ಬಸದಿಯ ನಾಲ್ಕೂ ದಿಕ್ಕು ಒಂದೇ ಬಗೆ. ಯಾವ ಬಾಗಿಲಲ್ಲಿ ಬಂದರೂ ಮುಂಬಾಗಿಲೇ. ಇಲ್ಲಿ ಬೇಗ ಮುಗಿಸಿ ಹೆಬ್ರಿಯ ಹಾದಿಯಲ್ಲಿ ವರಂಗಕ್ಕೆ ಸಾಗಬೇಕು. ಕೆರೆಯ ನಡುವೆ ಬಸದಿ, ಸುತ್ತ ನೀರು, ಹಿಂದೆ ಪಶ್ಚಿಮಘಟ್ಟ, ದೋಣಿಯಿಲ್ಲದೆ ಹೋಗುವಂತಿಲ್ಲ. ಇದನ್ನೂ ದ್ವೀಪವೆಂದೇ ಲೆಕ್ಕ ಹಾಕಿದ್ದೇನೆ. ಕಡಲು ಆ ದಿನ ಒರಟಾಗಿ ಮಲ್ಪೆಯ ದೋಣಿ ಹೊರಡದೆಹೋದರೆ ಇದನ್ನೇ ಮೊದಲಿಗೆ ತಂದುಕೊಳ್ಳಬಹುದು. ಇಲ್ಲಿ ಅಲೆಯಿಲ್ಲ, ಹುಟ್ಟು ಹಾಕುವ ಸದ್ದಿನ ಹೊರತು ಬೇರೆ ಗದ್ದಲವೂ ಇಲ್ಲ. ನಾವು ತಲಪುವಾಗ ದೋಣಿ ಬಸದಿಯ ಕಡೆಯಲ್ಲಿದ್ದರೆ ಅದು ಮರಳುವ ತನಕ ಕೆರೆಯ ದಂಡೆಯಲ್ಲಿ ಕುಳಿತಿರಬೇಕು. ಅಷ್ಟು ಹೊತ್ತನ್ನೂ ಯೋಜನೆಯಲ್ಲಿ ಸೇರಿಸಿದ್ದೇನೆ.