ದನಿ ಜೋರಾದರೆ ಗುಣ ಹೆಚ್ಚಿತೇ?

ಪತ್ರ ಮಿಶ್ರಿಕೋಟಿಯಿಂದ ಬರಲಿ, ಅಣ್ಣಿಗೇರಿಯಿಂದ ಬರಲಿ, ಕೇಳುಗರ ಅಳಲು ಒಂದೇ. "ಸರ, ಮೂವತ್ತು ಸಾವಿರ ಕೊಟ್ಟು ಹೆಡ್‌ಫೋನ್ ತಂದೀನ್ರಿ. ಮೊಬೈಲಿಗೆ ಹಚ್ಚಿದ್ರ ದನಿನ ಏಳವಲ್ದು. ನಮ್ಮ ತಮ್ಮನ ಎಂಟುನೂರು ರೂಪಾಯಿದು ಇದಕ್ಕಿಂತ ಗಟ್ಟಿ ಕೇಳತದ. ಮೋಸ ಆತೇನ್ರಿ?" ಮೋಸ ಆಗಿಲ್ಲ. ಹೆಡ್‌ಫೋನ್ ಕೆಟ್ಟೂ ಇಲ್ಲ. ಆದರೆ ಈ ಪ್ರಶ್ನೆಯೊಳಗೆ ಇನ್ನೊಂದು ನಂಬಿಕೆ ಅಡಗಿ ಕೂತಿದೆ: ಗಟ್ಟಿಯಾಗಿ ಕೇಳಿಸಿದ್ದೇ ಚಲೋ ಹೆಡ್‌ಫೋನ್ ಎಂಬುದು. ಇವತ್ತಿನ ಮಾತಿನ ಬಹುಪಾಲು ಆ ನಂಬಿಕೆಯ ಮೇಲೆಯೇ ಖರ್ಚಾಗಲಿದೆ.

ಮೊದಲು ಲೆಕ್ಕ. ಮೊಬೈಲಿಗೆ ಸಿಕ್ಕಿಸುವ ಸಣ್ಣ ಡಾಂಗಲ್‌ಗಳಲ್ಲಿ ಹಲವು ಹೆಚ್ಚೆಂದರೆ 1 ವೋಲ್ಟಿನ ಆಸುಪಾಸು ಕೊಡುತ್ತವೆ. ಆ 1 ವೋಲ್ಟ್ 32 ಓಮ್ ಪ್ರತಿರೋಧದ ಹೆಡ್‌ಫೋನಿಗೆ ಹೋದರೆ 31 ಮಿಲಿವ್ಯಾಟ್ ಶಕ್ತಿ ಸಿಗುತ್ತದೆ. 1997ರಿಂದ ಮಾರುಕಟ್ಟೆಯಲ್ಲಿರುವ ಸೆನ್‌ಹೈಸರ್ ಎಚ್‌ಡಿ 600 ಇದೆಯಲ್ಲ, ಅದು 300 ಓಮಿನದು. ಅದಕ್ಕೆ ಅದೇ 1 ವೋಲ್ಟ್ ಹೋದರೆ ಸಿಗುವುದು 3 ಮಿಲಿವ್ಯಾಟ್ ಚಿಲ್ಲರೆ. ಉಳಿದ ಗುಣಗಳೆಲ್ಲ ಸಮ ಎಂದುಕೊಂಡರೂ ಸುಮಾರು 10 ಡೆಸಿಬಲ್ ಇಳಿಕೆ. 10 ಡೆಸಿಬಲ್ ಇಳಿದರೆ ಕಿವಿಗೆ ದನಿ ಅರ್ಧಕ್ಕೆ ಬಂದಂತೆ ಅನಿಸುತ್ತದೆ. ತಮ್ಮನ ಎಂಟುನೂರರ ಹೆಡ್‌ಫೋನು ಗೆದ್ದದ್ದು ಹೀಗೆ.

ಇಲ್ಲಿಗೆ ಹಲವರು ಒಂದು ತೀರ್ಮಾನಕ್ಕೆ ಬರುತ್ತಾರೆ. ಓಮ್ ಹೆಚ್ಚಿದ್ದರೆ ಆಂಪ್ಲಿಫೈಯರ್ ಬೇಕು, ಕಡಿಮೆಯಿದ್ದರೆ ಬೇಡ, ತುಟ್ಟಿ ಇದ್ದರಂತೂ ಬೇಕೇ ಬೇಕು. ಮೂರೂ ಅರೆಸತ್ಯ. ಹೈಫೈಮ್ಯಾನ್ ಕಂಪನಿಯ ಸುಸ್ವಾರಾ ಎಂಬ ಲಕ್ಷಗಟ್ಟಲೆ ಬೆಲೆಯ ಹೆಡ್‌ಫೋನು ಬರೀ 60 ಓಮಿನದು. ಆದರೆ 1 ಮಿಲಿವ್ಯಾಟ್ ಕೊಟ್ಟರೆ ಅದು ಹೊರಡಿಸುವುದು 83 ಡೆಸಿಬಲ್ ಮಾತ್ರ. ತಾನಿನ ಏರಿನಲ್ಲಿ 110 ಡೆಸಿಬಲ್‌ವರೆಗೆ ಮುಟ್ಟಬೇಕೆಂದರೆ ಅದಕ್ಕೆ ಅರ್ಧ ವ್ಯಾಟ್ ಬೇಕು, ಐದೂವರೆ ವೋಲ್ಟ್ ಬೇಕು. ಇತ್ತ ಫ್ರಾನ್ಸಿನ ಫೋಕಲ್ ಕಂಪನಿ 2016ರಲ್ಲಿ ತಂದ ಯುಟೋಪಿಯಾ, ಅದೂ ಲಕ್ಷಗಟ್ಟಲೆಯದೇ, 80 ಓಮಿನದು. 1 ಮಿಲಿವ್ಯಾಟಿಗೆ 104 ಡೆಸಿಬಲ್ ಕೊಡುತ್ತದೆ. ದನಿಯ ಮಟ್ಟದ ಮಾತಷ್ಟೇ ಆದರೆ ಅದಕ್ಕೆ ಆ 1 ವೋಲ್ಟಿನ ಡಾಂಗಲ್ಲೇ ಸಾಕು.

ಹೊಲದವರಿಗೆ ಇದು ಬೇಗ ತಿಳಿಯುತ್ತದೆ. ಆಳದ ಬೋರ್‌ವೆಲ್‌ನಿಂದ ನೀರೆತ್ತುವ ಪಂಪಿಗೆ ಒತ್ತಡ ಬೇಕು. ಹಳ್ಳದಿಂದ ಹೊಲ ತುಂಬಿಸುವ ಪಂಪಿಗೆ ಒತ್ತಡಕ್ಕಿಂತ ನೀರಿನ ಪ್ರಮಾಣ ಬೇಕು. 300 ಓಮಿನ ಹೆಡ್‌ಫೋನು ವೋಲ್ಟೇಜ್ ಕೇಳುತ್ತದೆ, ಕಡಿಮೆ ಓಮಿನ ಪ್ಲೇನಾರ್ (ಚಪ್ಪಟೆ ಪೊರೆಯ) ಹೆಡ್‌ಫೋನು ಕರೆಂಟು ಕೇಳುತ್ತದೆ. ಡಬ್ಬಿಯ ಮೇಲಿನ ಓಮ್ ಒಂದನ್ನೇ ನೋಡದೆ ಪಕ್ಕದಲ್ಲಿ ಬರೆದಿರುವ ಡೆಸಿಬಲ್ಲನ್ನೂ ನೋಡಬೇಕು. ಅದು ಮಿಲಿವ್ಯಾಟಿನ ಲೆಕ್ಕವೋ ವೋಲ್ಟಿನ ಲೆಕ್ಕವೋ ಎಂಬುದನ್ನಂತೂ ನೋಡಲೇಬೇಕು. ಒಂದು ಕಂಪನಿ ಒಂದರಲ್ಲಿ ಬರೆಯುತ್ತದೆ, ಇನ್ನೊಂದು ಕಂಪನಿ ಇನ್ನೊಂದರಲ್ಲಿ. ಎರಡನ್ನೂ ಹಾಗೇ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಈಗ ಆ ನಂಬಿಕೆಯ ವಿಷಯ. 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಹಾರ್ವಿ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ ಎಂಬಿಬ್ಬರು ಮನುಷ್ಯನ ಕಿವಿಯನ್ನು ಅಳೆದು ಒಂದು ನಕ್ಷೆ ಪ್ರಕಟಿಸಿದರು. ಸಣ್ಣ ದನಿಯಲ್ಲಿ ಕೇಳುವಾಗ ನಮ್ಮ ಕಿವಿ ಮಧ್ಯದ ಸ್ವರಗಳನ್ನು ಚೆನ್ನಾಗಿ ಹಿಡಿಯುತ್ತದೆ, ಮಂದ್ರವನ್ನು ಬಹಳಷ್ಟು ಬಿಟ್ಟುಬಿಡುತ್ತದೆ, ತೀರ ಮೇಲಿನದನ್ನೂ ಒಂದಷ್ಟು. ದನಿ ಏರಿಸಿದಂತೆ ಬಿಟ್ಟುಹೋದದ್ದು ಮರಳಿ ಬಂದು ಸೇರಿಕೊಳ್ಳುತ್ತದೆ. ಹಾಡು ಅದೇ, ಹೆಡ್‌ಫೋನು ಅದೇ. ಬದಲಾದದ್ದು ದನಿಯ ಮಟ್ಟ ಮಾತ್ರ. ಆದರೂ ಕೇಳಿದವರು ಹೇಳುವುದೇನು? "ಬೇಸ್ ತುಂಬಿ ಬಂತು, ಮೇಲಿನ ಸ್ವರ ಬಿಚ್ಚಿಕೊಂಡವು, ಹಾಡುವವರು ಎದುರಿಗೇ ಕೂತಂಗಾತು." ಅಂಗಡಿಯಲ್ಲಿ ದುಬಾರಿ ಹೆಡ್‌ಫೋನನ್ನು ಹೊಗಳಲು ಬಳಸುವ ಮಾತುಗಳೂ ಅಕ್ಷರಶಃ ಇವೇ.

ತಂಬೂರಿಯನ್ನೇ ತೆಗೆದುಕೊಳ್ಳಬಹುದು. ಗಂಡುದನಿಗೆ ಕಪ್ಪು ಒಂದಕ್ಕೆ ಷಡ್ಜ ಹಿಡಿದರೆ ಖರ್ಜದ ತಂತಿ 70 ಹರ್ಟ್ಸಿನ ಆಸುಪಾಸಿಗೆ ಇಳಿಯುತ್ತದೆ. ರಾತ್ರಿ ಮನೆಯವರು ಮಲಗಿದ ಮೇಲೆ ಸಣ್ಣ ದನಿಯಲ್ಲಿ ಇಟ್ಟರೆ ಆ ತಂತಿಯ ಮೂಲನಾದ ಕಿವಿಯಿಂದ ಮೊದಲು ಜಾರುತ್ತದೆ. ಜವಾರಿಯ ಝೇಂಕಾರ ಮಾತ್ರ ಉಳಿಯುತ್ತದೆ. ಗುಂಡಿ ಎರಡು ಗೆರೆ ತಿರುಗಿಸಿದರೆ ಖರ್ಜ ಬಂತು. ಈಗ ಒಂದು ಹೆಡ್‌ಫೋನು ಸ್ವಭಾವತಃ 5 ಡೆಸಿಬಲ್ ಗಟ್ಟಿ ಎಂದುಕೊಳ್ಳೋಣ. ಗುಂಡಿ ಮುಟ್ಟದೆ ಒಂದನ್ನು ತೆಗೆದು ಇನ್ನೊಂದನ್ನು ಹಾಕಿಕೊಂಡವರು "ಇದರೊಳಗ ಖರ್ಜ ಐತಿ, ಅದರೊಳಗ ಇಲ್ಲ" ಎಂದು ತೀರ್ಪು ಕೊಡುತ್ತಾರೆ. ಅವರು ಹೋಲಿಸಿದ್ದು ಎರಡು ಹೆಡ್‌ಫೋನುಗಳನ್ನು ಅಲ್ಲವೇ ಅಲ್ಲ. ಒಂದೇ ಕಿವಿಯ ಎರಡು ಮಟ್ಟಗಳನ್ನು.

ಇದನ್ನು ಇನ್ನೊಮ್ಮೆ ಹೇಳಬೇಕು, ಏಕೆಂದರೆ ಎಷ್ಟು ಹೇಳಿದರೂ ಪತ್ರಗಳು ಹಾಗೇ ಬರುತ್ತವೆ. ದನಿ ಸಮ ಮಾಡದೆ ಮಾಡಿದ ಹೋಲಿಕೆ ಹೋಲಿಕೆಯೇ ಅಲ್ಲ. ವ್ಯತ್ಯಾಸ 5 ಡೆಸಿಬಲ್ ಇದ್ದರೆ "ಇದು ಗಟ್ಟಿ" ಎಂದಾದರೂ ಗೊತ್ತಾಗುತ್ತದೆ. ಅರ್ಧ ಡೆಸಿಬಲ್, ಒಂದು ಡೆಸಿಬಲ್ ಇದ್ದಾಗ ಗಟ್ಟಿ ಎನಿಸುವುದಿಲ್ಲ, "ಸ್ಪಷ್ಟ" ಎನಿಸುತ್ತದೆ. ಅಪಾಯ ಇರುವುದು ಅಲ್ಲಿಯೇ. ಈ ಮಾತುಗಾರ ಒಮ್ಮೆ ಪೇಟೆಯ ಅಂಗಡಿಯೊಂದರಲ್ಲಿ ನಿಂತಿದ್ದಾಗ ಎರಡು ಆಂಪ್ಲಿಫೈಯರ್‌ಗಳ ಪರೀಕ್ಷೆ ನಡೆದಿತ್ತು. ತುಟ್ಟಿಯದಕ್ಕೆ ಬದಲಾಯಿಸುವಾಗಲೆಲ್ಲ ಮಾರಾಟಗಾರರ ಬೆರಳು ಗುಂಡಿಯ ಮೇಲೆ ಕೊಂಚ ಬಲಕ್ಕೆ ಸರಿಯುತ್ತಿತ್ತು. ಬೇಕಂತಲೇ ಮಾಡಿದರೆಂದು ಹೇಳಲಾಗದು, ಅದೊಂದು ಕೈರೂಢಿ. ಕೊಳ್ಳಲು ಬಂದಿದ್ದ ಹುಡುಗ ಮಾತ್ರ ಕಣ್ಣು ಮುಚ್ಚಿ ತಲೆದೂಗುತ್ತಿದ್ದ.

"ಬ್ಯಾಲೆನ್ಸ್ಡ್" ಸಾಕೆಟ್ಟಿನ ಮಹಿಮೆಯೂ ಬಹುಪಾಲು ಇದೇ. 3.5 ಮಿಲಿಮೀಟರಿನ ಪಿನ್ನು ತೆಗೆದು 4.4ರದ್ದಕ್ಕೆ ಹಾಕಿದರೆ ಎಷ್ಟೋ ಯಂತ್ರಗಳಲ್ಲಿ ವೋಲ್ಟೇಜ್ ಇಮ್ಮಡಿಯಾಗುತ್ತದೆ, ಅಂದರೆ 6 ಡೆಸಿಬಲ್ ಏರುತ್ತದೆ. ಏರಿದ ದನಿಯನ್ನು ಇಳಿಸಿ ಕೇಳಿದ ಮೇಲೂ ವ್ಯತ್ಯಾಸ ಉಳಿದರೆ ಆಗ ಮಾತಾಡೋಣ. ಇನ್ನು ನೂರು ತಾಸು ಹಾಡು ಹಚ್ಚಿಟ್ಟು ಹೆಡ್‌ಫೋನನ್ನು "ಪಳಗಿಸಬೇಕು" ಎನ್ನುವವರಿದ್ದಾರೆ. ನೂರು ತಾಸಿನಲ್ಲಿ ಮುಖ್ಯವಾಗಿ ಪಳಗುವುದು ಕೇಳುವವರ ಕಿವಿ. ಜೊತೆಗೆ ಕಿವಿಗಾದಿ ತುಸು ಒತ್ತಿ ಕೂರುತ್ತದೆ. ಬೆಳ್ಳಿಯ ವಾಯರಿನ ಬಗ್ಗೆ ಕೇಳಿ ಬಂದ ಪತ್ರಗಳಿಗೆ ಉತ್ತರ ಬರೆಯುವ ತಾಳ್ಮೆ ಈಗ ಉಳಿದಿಲ್ಲ.

ಸಮ ಮಾಡುವುದು ಕಷ್ಟವೇನಲ್ಲ. ಎರಡು ಆಂಪ್ಲಿಫೈಯರ್ ಹೋಲಿಸುವುದಾದರೆ ಊರಿನ ವೈರ್‌ಮನ್ ಹತ್ತಿರ ಇರುವ ಮಲ್ಟಿಮೀಟರೇ ಸಾಕು. 100 ಹರ್ಟ್ಸಿನ ಒಂದೇ ಸಮನೆಯ ನಾದ ಹಚ್ಚಿ, ಹೆಡ್‌ಫೋನು ಸಿಕ್ಕಿಸಿಟ್ಟೇ, ಎಸಿ ವೋಲ್ಟೇಜಿನಲ್ಲಿ ಎರಡರ ಹೊರಹರಿವನ್ನೂ ಅಳೆದು ಶೇಕಡಾ 1ರೊಳಗೆ ಸರಿಗೂಡಿಸಬೇಕು. ಇನ್ನೂ ಮೇಲಿನ ನಾದ ಬೇಡ, ಅಗ್ಗದ ಮೀಟರುಗಳು ಅಲ್ಲಿ ಸುಳ್ಳು ಹೇಳುತ್ತವೆ. ಎರಡು ಹೆಡ್‌ಫೋನುಗಳಿಗೆ ಈ ಉಪಾಯ ನಡೆಯದು. ಒಂದೇ ವೋಲ್ಟಿಗೆ ಅವು ಬೇರೆ ಬೇರೆ ದನಿ ಕೊಡುತ್ತವೆ. ಅಲ್ಲಿ ಹಾಡುವವರ ದನಿಯನ್ನೇ ಗುರುತಿಟ್ಟುಕೊಂಡು ಕಿವಿಯಿಂದ ಸಮ ಮಾಡಿಕೊಳ್ಳಬೇಕು. ಅನುಮಾನ ಬಂದರೆ ಇಷ್ಟವಾದದ್ದನ್ನು ಒಂದು ಗೆರೆ ಇಳಿಸಿ ಮತ್ತೆ ಕೇಳಬೇಕು. ಇಳಿಸಿದ ಮೇಲೂ ಅದೇ ಇಷ್ಟವಾದರೆ ಆ ಇಷ್ಟಕ್ಕೆ ಬೆಲೆಯಿದೆ.

ಏನನ್ನು ಕೇಳಿ ಪರೀಕ್ಷಿಸಬೇಕು ಎಂಬುದಕ್ಕೆ ಧಾರವಾಡ ಜಿಲ್ಲೆಯವರು ದೂರ ಹೋಗಬೇಕಿಲ್ಲ. ಕುಂದಗೋಳದ ಸವಾಯಿ ಗಂಧರ್ವರಲ್ಲಿ (1886–1952) ಪಾಠ ಹೇಳಿಸಿಕೊಳ್ಳಲು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದ ಗಂಗೂಬಾಯಿ ಹಾನಗಲ್ಲರ ದನಿ ಇದೆ. ಅವರ ಆರಂಭದ ಕೆಲವು ರೆಕಾರ್ಡುಗಳು ಗಾಂಧಾರಿ ಎಂಬ ಹೆಸರಿನಲ್ಲಿ ಬಂದವು. ಅಲ್ಲಿನ ದನಿ ಸಣ್ಣದು, ಚೂಪು. ಗಂಟಲಿನ ಚಿಕಿತ್ಸೆಯ ನಂತರ ಅದು ಇಳಿದು ಗಂಡುದನಿಯ ಹತ್ತಿರಕ್ಕೆ ಬಂತು. ಹೆಡ್‌ಫೋನಿನ ಮಧ್ಯಸ್ಥಾಯಿ ಸರಿಯಿಲ್ಲದಿದ್ದರೆ ಈ ಎರಡನೆಯ ದನಿ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ, ಇಲ್ಲವೇ ಅದರ ಅಂಚು ಸವೆದು ಮೆತ್ತಗಾಗುತ್ತದೆ. ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಿಕೆಗಳಲ್ಲಿ ಉಸಿರು ಎಲ್ಲಿ ತೆಗೆದರು ಎಂಬುದು ಕೇಳಿಸಬೇಕು. ತಬಲಾದ ಎಡಗೈ ಗುಂಯ್ ಎಂದದ್ದು ತಂಬೂರಿಯ ಖರ್ಜದೊಳಗೆ ಕಲಸಿಹೋಗಬಾರದು.

ಹಳೆಯ 78 ಸುತ್ತಿನ ಅರಗಿನ ತಟ್ಟೆಗಳಿಂದ ಇಳಿಸಿಕೊಂಡ ಹಾಡುಗಳನ್ನೇ ಹೆಚ್ಚು ಕೇಳುವವರಿಗೆ ಒಂದು ಎಚ್ಚರಿಕೆ. ಆ ತಟ್ಟೆಗಳಲ್ಲಿ 8 ಸಾವಿರ ಹರ್ಟ್ಸಿನ ಮೇಲೆ ಹಾಡಿನ ಅಂಶ ತೀರ ಕಡಿಮೆ. ಅಲ್ಲಿರುವುದು ಬಹುಪಾಲು ಸೂಜಿಯ ಸರಸರ. ಜರ್ಮನಿಯ ಬೇಯರ್‌ಡೈನಾಮಿಕ್ ಡಿಟಿ 990 ಆ ಎತ್ತರದ ಸ್ವರಗಳನ್ನು ಎತ್ತಿ ಹಿಡಿಯುವುದಕ್ಕೆ ಹೆಸರಾದದ್ದು. ಹೊಸ ಮುದ್ರಣಗಳಲ್ಲಿ ಅದು ಮಿಂಚು, ಅರಗಿನ ತಟ್ಟೆಯಲ್ಲಿ ಕಿರಿಕಿರಿ. ಅಂಥವರಿಗೆ ಎಚ್‌ಡಿ 600 ಅಥವಾ ಅದರ ತಮ್ಮ ಎಚ್‌ಡಿ 650 ವಾಸಿ.

ಈ ಭಾಷಣವನ್ನೇ ದುಬಾರಿ ಹೆಡ್‌ಫೋನಿನಲ್ಲಿ ಕೇಳುತ್ತಿರುವವರೂ ಇದ್ದಾರೆ. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿಯ ಮಧ್ಯಮ ತರಂಗಾಂತರ 765 ಕಿಲೋಹರ್ಟ್ಸ್. ನಮ್ಮ ದೇಶದಲ್ಲಿ ಈ ತರಂಗದ ನಿಲಯಗಳ ನಡುವಿನ ಅಂತರವೇ 9 ಕಿಲೋಹರ್ಟ್ಸ್. ಇಷ್ಟು ಇಕ್ಕಟ್ಟಿನಲ್ಲಿ ಸಾಮಾನ್ಯ ರೇಡಿಯೋ ಕೇಳಿಸುವುದು ಹೆಚ್ಚೆಂದರೆ 4–5 ಸಾವಿರ ಹರ್ಟ್ಸಿನವರೆಗೆ. ಅಲ್ಲಿ ಲಕ್ಷದ ಹೆಡ್‌ಫೋನಿಗೂ ಎಂಟುನೂರರದ್ದಕ್ಕೂ ಮಾಡಲು ಒಂದೇ ಕೆಲಸ.

ಬೆಲೆಯ ಮಾತು ಬಂತಲ್ಲ. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್, ಇಯರ್‌ಫೋನುಗಳ ಅಳತೆಗಳನ್ನು ಬೆಲೆಯ ಪಕ್ಕದಲ್ಲಿಟ್ಟು ನೋಡಿದರು. ಯಾವ ಸ್ವರ ಎಷ್ಟು ಗಟ್ಟಿ ಎಂಬ ಲೆಕ್ಕಕ್ಕೂ ಬೆಲೆಗೂ ನಂಟೇ ಕಾಣಲಿಲ್ಲ. ಬೆಲೆಯೊಂದಿಗೆ ಗುಣ ಏರುತ್ತದೆ ಎಂಬ ಖಾತ್ರಿ ಇಲ್ಲ ಎಂದಷ್ಟೇ ಇದರಿಂದ ತಿಳಿಯಬೇಕು. ತುಟ್ಟಿಯದೆಲ್ಲ ಮೋಸ ಎಂದು ತಿಳಿದರೆ ಅದೂ ತಪ್ಪು.

ಸಮಯ ಓಡುತ್ತಿದೆ, ಬಾಳಿಕೆಯ ಮಾತು ಚುಟುಕಾಗಿ ಮುಗಿಸಬೇಕು. ಹೆಡ್‌ಫೋನಿನಲ್ಲಿ ಮೊದಲು ಸಾಯುವುದು ವಾಯರು, ಅದೂ ಪಿನ್ನಿನ ಕುತ್ತಿಗೆಯಲ್ಲಿ. ಆಮೇಲೆ ಕಿವಿಗಾದಿ. ಕಲಘಟಗಿ ಕಡೆಯ ಮಳೆಗಾಲದ ತೇವಕ್ಕೆ, ನವಲಗುಂದದ ಬೇಸಿಗೆಯ ಬೆವರಿಗೆ ಕೃತಕ ಚರ್ಮ ಹಪ್ಪಳದಂತೆ ಏಳುತ್ತದೆ. ಒಳಗಿನ ಡ್ರೈವರ್ ಸಾಯುವುದು ಅಪರೂಪ. ಹಾಗಾಗಿ ವಾಯರು, ಗಾದಿ, ತಲೆಪಟ್ಟಿ ಬಿಚ್ಚಿ ಬದಲಾಯಿಸಲು ಬರುತ್ತದೆಯೇ, ಬಿಡಿಭಾಗ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಬೇಕು. ಎಚ್‌ಡಿ 600 ಇಷ್ಟು ವರ್ಷ ಬಾಳಿರುವುದು ಅದರ ಬಹುತೇಕ ಭಾಗ ಕೈಯಿಂದಲೇ ಬಿಚ್ಚಲು ಬರುವುದರಿಂದ. ಸೆನ್‌ಹೈಸರ್‌ನ ಈ ವಿಭಾಗ 2022ರಲ್ಲಿ ಸ್ವಿಟ್ಜರ್ಲೆಂಡಿನ ಸೊನೋವಾ ಕೈಗೆ ಹೋಯಿತು. ಹೆಸರು ಮಾತ್ರ ಅದೇ ಉಳಿದಿದೆ. 1991ರಿಂದ ಸ್ಟುಡಿಯೋಗಳಲ್ಲಿ ದುಡಿಯುತ್ತಿರುವ ಸೋನಿ ಎಂಡಿಆರ್ 7506 ಗಟ್ಟಿಮುಟ್ಟಾದದ್ದು, ಆದರೆ ಅದರ ಸುರುಳಿ ವಾಯರು ಬಿಚ್ಚಲು ಬಾರದು, ಕೆಟ್ಟರೆ ಬೆಸುಗೆ ಹಾಕಬಲ್ಲವರನ್ನು ಹುಡುಕಬೇಕು. ಬ್ಲೂಟೂತ್‌ನವಕ್ಕೆ ಆಂಪ್ಲಿಫೈಯರ್ ಒಳಗೇ ಇರುತ್ತದೆ, ಓಮಿನ ಚಿಂತೆ ಬೇಡ. ಅವುಗಳ ಆಯುಷ್ಯ ಬ್ಯಾಟರಿಯ ಆಯುಷ್ಯ.

ಗುಂಯ್‌ಗುಡುವ ಸದ್ದಿನ ಬಗ್ಗೆ ಕೇಳಿದವರು ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಲಿ. ಸದ್ದು ನಿಂತರೆ ಹೆಡ್‌ಫೋನು, ಆಂಪ್ಲಿಫೈಯರ್ ಎರಡೂ ನಿರಪರಾಧಿಗಳು. ಅನುಮಾನ ಮೊದಲು ಹೋಗಬೇಕಾದದ್ದು ಚಾರ್ಜರಿನ ಮೇಲೆ, ಮನೆಯ ಅರ್ಥಿಂಗ್ ಮೇಲೆ.

ಇನ್ನು ಆ ಮೂವತ್ತು ಸಾವಿರದ ಹೆಡ್‌ಫೋನಿಗೆ ಮತ್ತೆ ಮೂವತ್ತು ಸಾವಿರದ ಆಂಪ್ಲಿಫೈಯರ್ ಬೇಕಿಲ್ಲ. 1 ಮಿಲಿವ್ಯಾಟಿಗೆ 97 ಡೆಸಿಬಲ್ ಕೊಡುವ 300 ಓಮಿನ ಹೆಡ್‌ಫೋನು 110 ಡೆಸಿಬಲ್ಲಿನ ಏರು ಮುಟ್ಟಲು ಕೇಳುವುದು 20 ಮಿಲಿವ್ಯಾಟ್, ಅಂದರೆ ಎರಡೂವರೆ ವೋಲ್ಟು. ಸ್ವಂತ ಪ್ರತಿರೋಧ ಒಂದೆರಡು ಓಮಿಗಿಂತ ಕಡಿಮೆ ಇರುವ, 3–4 ವೋಲ್ಟ್ ಕೊಡುವ ಸಣ್ಣದೊಂದು ಸಾಕಾಗುತ್ತದೆ. ಅದು ಬಂದ ಮೇಲೆ ಗುಂಡಿ ಎಲ್ಲಿಯವರೆಗೆ ತಿರುಗಿಸಬಹುದು ಎಂಬುದಕ್ಕೂ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವಿದೆ: ಸರಾಸರಿ 80 ಡೆಸಿಬಲ್ ಆದರೆ ವಾರಕ್ಕೆ 40 ತಾಸು. ಪ್ರತಿ 3 ಡೆಸಿಬಲ್ ಏರಿಕೆಗೆ ಆ ಸಮಯ ಅರ್ಧವಾಗುತ್ತದೆ. 89ಕ್ಕೆ ಏರಿಸಿ ಕೇಳುವವರಿಗೆ ವಾರಕ್ಕೆ ಉಳಿಯುವುದು 5 ತಾಸು.