ಬಂದವರಿಗೆ ಏನನ್ನು ತೋರಿಸೋಣ?



ವಾರ್ಷಿಕೋತ್ಸವದ ವೇದಿಕೆಯ ಮೇಲೆ ಕನ್ನಡ ಪಂಡಿತರಾದವರು ನಿಂತರೆಂದರೆ ಪಂಪ, ರನ್ನ, ಕುಮಾರವ್ಯಾಸರ ಮಾತು ಬರುವುದು ವಾಡಿಕೆ. ಈ ಸಲ ಕಾರ್ಯದರ್ಶಿಗಳು ನಮ್ಮನ್ನು ಕಂಡು, “ಬೇರೆ ಏನಾದರೂ ಹೇಳಿರಿ” ಎಂದು ವಿನಯದಿಂದಲೇ ಸೂಚಿಸಿದರು. ಹೋದ ವರ್ಷ ನಾವು ಗದುಗಿನ ಭಾರತವನ್ನು ಹಿಡಿದು ಊಟದ ಹೊತ್ತನ್ನು ಮೀರಿಸಿದ್ದು ಅವರ ನೆನಪಿನಲ್ಲಿ ಇನ್ನೂ ಹಸಿರಾಗಿರಬೇಕು. ಆದಕಾರಣ ಇಂದು ಕಾವ್ಯವನ್ನು ಬದಿಗಿಟ್ಟು ನಮ್ಮ ಸುತ್ತಮುತ್ತಣ ಬೆಟ್ಟ, ಹೊಳೆ, ಕಾಡುಗಳ ವಿಷಯವಾಗಿ ನಾಲ್ಕು ಮಾತು ಹೇಳುತ್ತೇವೆ.

ಇದಕ್ಕೆ ಕಾರಣ ಒಂದು ಕಾಗದ. ನಮ್ಮಲ್ಲಿ ಓದಿದ ಹುಡುಗನೊಬ್ಬ ಈಗ ದಕ್ಷಿಣ ಆಫ್ರಿಕೆಯ ಡರ್ಬನ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಸಂಕ್ರಾಂತಿಗೆ ಊರಿಗೆ ಬರುವಾಗ ತನ್ನೊಡನೆ ಕೆಲಸ ಮಾಡುವ ಒಬ್ಬರನ್ನು ಕರೆತರುವುದಾಗಿ ಬರೆದಿದ್ದ. “ಮೇಷ್ಟ್ರೇ, ಮೂರು ದಿನ ಇರುತ್ತಾರೆ. ನಮ್ಮ ಕಡೆ ಏನನ್ನು ತೋರಿಸಲಿ? ಬೆಂಗಳೂರಿಗೇ ಕರೆದುಕೊಂಡು ಹೋಗಿಬಿಡಲೋ?” ಎಂದು ಕೇಳಿದ್ದ. ಆ ಕೊನೆಯ ವಾಕ್ಯ ನಮ್ಮನ್ನು ಚುಚ್ಚಿತು. ಐದು ವರ್ಷ ನಮ್ಮ ಮುಂದೆ ಕುಳಿತು ಪಾಠ ಕೇಳಿದವನಿಗೆ ತನ್ನ ಊರಿನಲ್ಲಿ ತೋರಿಸತಕ್ಕದ್ದು ಏನೂ ಇಲ್ಲವೆಂದು ತೋರಿದರೆ ಆ ತಪ್ಪು ಯಾರದು?

ಬಂದ ಅತಿಥಿ ಸಾಮಾನ್ಯ ಪ್ರವಾಸಿಯೂ ಅಲ್ಲ. 1860ರ ನವೆಂಬರಿನಲ್ಲಿ ‘ಟ್ರೂರೋ’ ಎಂಬ ಹಡಗು ಮದರಾಸಿನಿಂದ ಕೂಲಿಯಾಳುಗಳನ್ನು ತುಂಬಿಕೊಂಡು ಡರ್ಬನ್ ಬಂದರನ್ನು ಸೇರಿತು. ಅದರ ಹಿಂದೆ ಐವತ್ತು ವರ್ಷ ಇಂತಹ ಹಡಗುಗಳು ಕಬ್ಬಿನ ತೋಟಗಳಿಗೆ ನಮ್ಮ ಜನರನ್ನು ಹೊತ್ತವು. ಅಂಥದೊಂದು ಹಡಗಿನಲ್ಲಿ ಹೋದವರ ಮರಿಮಗ ಈತ. ಮನೆಯಲ್ಲಿ ಭಾಷೆ ಉಳಿದಿಲ್ಲ; ಊರಿನ ಹೆಸರು ಉಳಿದಿಲ್ಲ; “ಸೇಲಂ ಜಿಲ್ಲೆ” ಎಂಬೊಂದು ಮಾತು ಮಾತ್ರ ಬಾಯಿಂದ ಬಾಯಿಗೆ ಬಂದಿದೆ. ಆ ಕಾಲದ ಸೇಲಂ ಜಿಲ್ಲೆಯೊಳಗೆ ಹೊಸೂರೂ ಇತ್ತು, ಕೃಷ್ಣಗಿರಿಯೂ ಇತ್ತು. ಹೀಗಿರುವಾಗ ಆತ ನಮ್ಮಲ್ಲಿಗೆ ಬಂದುದು ನೋಟ ನೋಡಲಿಕ್ಕೋ, ಮನೆಯನ್ನು ಹುಡುಕಲಿಕ್ಕೋ ಎಂಬುದು ಆತನಿಗೂ ಸ್ಪಷ್ಟವಿರಲಿಲ್ಲ.

ಡರ್ಬನ್ನಿನ ವಿಚಾರವನ್ನು ಇಬ್ಬರೂ ಬಹಳವಾಗಿ ಹೇಳಿದರು. ಅಲ್ಲಿನ ಕಡಲದಂಡೆಯಲ್ಲಿ ಈಜಬಹುದಾದ ಎಡೆಗೆ ಎರಡು ಬಾವುಟ ನೆಟ್ಟಿರುತ್ತಾರಂತೆ. ಅವುಗಳ ನಡುವೆ ಮಾತ್ರ ನೀರಿಗಿಳಿಯಬೇಕು. ಕಾವಲಿನವರು ಎತ್ತರದಲ್ಲಿ ಕುಳಿತು ನೋಡುತ್ತಿರುತ್ತಾರೆ. ಷಾರ್ಕ್ ಮೀನಿನ ಭಯಕ್ಕೆ 1952ರಿಂದ ಅಲೆಗಳ ಆಚೆ ಬಲೆ ಹಾಕಿದ್ದಾರೆ. 1849ರಲ್ಲಿ ಆರಂಭವಾದ ಸಸ್ಯೋದ್ಯಾನವೊಂದಿದೆ. ಅಲ್ಲಿ ಮರದ ಹೆಸರನ್ನು ಮರದ ಬಳಿಯೇ ಓದಬಹುದಂತೆ. ಬಂದವನನ್ನು ಆ ಊರು ಕೈಹಿಡಿದು ನಡೆಸುತ್ತದೆ ಎಂದು ನಮಗೆ ತಿಳಿಯಿತು. ಕಡಲು ದೇವರು ಕೊಟ್ಟದ್ದು. ಬಾವುಟವನ್ನು ನೆಟ್ಟವರು ಮನುಷ್ಯರು. ನಮಗೆ ಕಡಲಿಲ್ಲವೆಂಬುದಕ್ಕೆ ಅಸೂಯೆ ಹುಟ್ಟಲಿಲ್ಲ. ಬಾವುಟಕ್ಕೆ ಹುಟ್ಟಿತು.

ಮೊದಲನೆಯ ದಿನ ಬೆಳಗಿನ ಜಾವ ಚಂದ್ರಚೂಡೇಶ್ವರನ ಬೆಟ್ಟವನ್ನು ಹತ್ತಿದೆವು. ಮೇಲಿನವರೆಗೆ ವಾಹನ ಹೋಗುತ್ತದೆ. ಆದರೂ ಮೆಟ್ಟಿಲು ಹತ್ತಿ ಹೋಗುವುದೇ ಸರಿ. ಸ್ವಾಮಿಯ ದರ್ಶನವಾದ ಮೇಲೆ ಹೊರಗಿನ ಬಂಡೆಯ ಮೇಲೆ ನಿಂತರೆ ಊರೆಲ್ಲ ಕಾಣುತ್ತದೆ: ಒಂದು ಕಡೆ ಹಳೆಯ ಊರಿನ ಇಕ್ಕಟ್ಟಾದ ಬೀದಿಗಳು, ಇನ್ನೊಂದು ಕಡೆ 1970ರ ದಶಕದಿಂದೀಚೆಗೆ ಎದ್ದ ಕಾರ್ಖಾನೆಗಳ ಸಾಲು, ನಡುವೆ ಅಳಿದುಳಿದ ಕೆರೆಗಳು. ಅತಿಥಿ ಊರಿನ ಹೆಸರಿನ ಅರ್ಥ ಕೇಳಿದರು. ಹೊಸತಾದ ಊರು ಹೊಸೂರು ಎಂದೆವು. ತಮಿಳು ಲಿಪಿಯಲ್ಲಿ ಹಕಾರಕ್ಕೆ ತನ್ನದಾದ ಅಕ್ಷರವಿಲ್ಲ. ಆದ್ದರಿಂದ ಫಲಕದಲ್ಲಿ ಅದು ‘ಓಸೂರ್’ ಆಗಿದೆ. ಇದನ್ನು ದೂರಾಗಿ ಹೇಳುತ್ತಿಲ್ಲ. ಒಂದೇ ಜಗಲಿಯ ಮೇಲೆ ಕನ್ನಡ, ತೆಲುಗು, ತಮಿಳು ಮೂರೂ ಕುಳಿತು ಎಲೆಯಡಿಕೆ ಹಾಕಿಕೊಳ್ಳುವ ನಾಡು ನಮ್ಮದು. ಆದರೆ ಅರ್ಥ ಬಲ್ಲವರು ಅರ್ಥವನ್ನು ಹೇಳದೆ ಇದ್ದರೆ ಹೆಸರು ಬರಿಯ ಸದ್ದಾಗುತ್ತದೆ.

ಅಲ್ಲಿಂದ ಕೆಲವರಪಳ್ಳಿ ಅಣೆಕಟ್ಟಿಗೆ ಹೋದೆವು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಬರುವ ದಕ್ಷಿಣ ಪಿನಾಕಿನಿಯನ್ನು ಅಲ್ಲಿ ತಡೆದಿದ್ದಾರೆ. ಬಾಗಿಲಿನಿಂದ ನೀರು ಬೀಳುವೆಡೆ ಬಿಳಿಯ ನೊರೆ ಹತ್ತಿಯ ರಾಶಿಯಂತೆ ಎದ್ದಿತ್ತು. ಬೆಂಗಳೂರಿನಿಂದ ಬಂದಿದ್ದ ಒಂದು ತಂಡ ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಿತ್ತು. “ಹಿಮದ ಹಾಗಿದೆ” ಎಂದು ಒಬ್ಬ ತರುಣಿ ಸಂತೋಷಪಟ್ಟಳು. ಅದು ಅವರದೇ ನಗರದ ಕೊಳೆ ಎಂದು ಹೇಳಲು ನಮಗೆ ನಾಲಗೆ ಬರಲಿಲ್ಲ. ಬೆಂಗಳೂರಿನ ಮೋರಿ, ಕಾರ್ಖಾನೆಗಳ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ಈ ಹೊಳೆಯನ್ನು ಸೇರುವುದು ಪತ್ರಿಕೆ ಓದುವವರೆಲ್ಲ ಬಲ್ಲ ಸಂಗತಿ. ಅದೇ ನೀರನ್ನು ನಮ್ಮ ರೈತರು ಹೊಲಕ್ಕೆ ಹಾಯಿಸುತ್ತಾರೆ. ಇಲ್ಲಿಗೆ ಅತಿಥಿಗಳನ್ನು ಕರೆತರಬೇಕೆ ಎಂದರೆ, ಕರೆತರಬೇಕೆಂದೇ ನಮ್ಮ ಅಭಿಪ್ರಾಯ. ಆದರೆ ನೀರಿಗಿಳಿಸಕೂಡದು, ನೊರೆಯನ್ನು ಸೊಬಗೆಂದು ಹೊಗಳಲೂ ಕೂಡದು.

ತೊರಪಳ್ಳಿ ಸಮೀಪದಲ್ಲೇ ಇದೆ. 1878ರ ಡಿಸೆಂಬರ್ 10ರಂದು ರಾಜಾಜಿಯವರು ಹುಟ್ಟಿದ ಮನೆಯನ್ನು ಸರ್ಕಾರ ಸ್ಮಾರಕವಾಗಿ ಇಟ್ಟಿದೆ. ಸಣ್ಣ ಮನೆ, ನೋಡಲು ಅರ್ಧ ಗಂಟೆ ಸಾಕು. ಇಂಥ ಮನೆಯಲ್ಲಿ ಹುಟ್ಟಿದ ಹುಡುಗ ಹೊಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಓದಿ ಭಾರತದ ಗವರ್ನರ್ ಜನರಲ್ ಆದನೆಂಬುದನ್ನು ಮಕ್ಕಳು ಆ ಹೊಸ್ತಿಲಲ್ಲಿ ನಿಂತು ಕೇಳಬೇಕು.

ಎರಡನೆಯ ದಿನ ರಾಯಕೋಟೆ. ರೈಲಿನಲ್ಲಿ ಹೋಗುವುದು ಉತ್ತಮ. ಸೇಲಂ ಕಡೆಯ ದಾರಿಯಲ್ಲಿ ಗುಡ್ಡಗಳ ನಡುವೆ ಬಳುಕುತ್ತ ಹೋಗುವ ಆ ಪಯಣವೇ ಅರ್ಧ ನೋಟ. ಕೋಟೆಗೆ ಬೆಳಗಿನಲ್ಲಿಯೇ ಹತ್ತಬೇಕು. ಬಿಸಿಲೇರಿದ ಮೇಲೆ ಬಂಡೆ ಕಾಯುತ್ತದೆ. ನೀರಿನ ಸೀಸೆ ಜೊತೆಗಿರಲಿ; ತಿಂಡಿಯ ಪೊಟ್ಟಣವನ್ನು ಕೋತಿಗಳ ಕಣ್ಣಿಗೆ ಬೀಳದಂತೆ ಕಟ್ಟಿಕೊಂಡಿರಲಿ. ಈ ಎಚ್ಚರಿಕೆಯನ್ನು ಉಪದೇಶಿಸಿದ ನಾವೇ ನಮ್ಮ ಚಿತ್ರಾನ್ನವನ್ನು ಕಳೆದುಕೊಂಡೆವು.

ಮೇಲೆ ಬುರುಜುಗಳ ಅವಶೇಷಗಳೂ ಬಂಡೆಯ ಮೇಲೆ ನೀರು ನಿಂತ ದೊಣೆಗಳೂ ಇವೆ. ಅಲ್ಲಿ ಕುಳಿತು ಅತಿಥಿಗೆ ಒಂದು ಕಥೆ ಹೇಳಿದೆವು, ನಿಮಗೂ ಹೇಳಬೇಕು. 1791ರಲ್ಲಿ ಕುಂಪಣಿಯವರು ಈ ಕೋಟೆಯನ್ನು ಟಿಪ್ಪುವಿನ ಸೈನ್ಯದಿಂದ ಹಿಡಿದರು. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲು ಸೀಮೆ ಅವರ ಪಾಲಾಯಿತು. ಹೊಸೂರು ಮಾತ್ರ ಮೈಸೂರಿನಲ್ಲಿಯೇ ಉಳಿಯಿತು. ಹೀಗೆ ಏಳು ವರ್ಷ ರಾಯಕೋಟೆಗೂ ಹೊಸೂರಿಗೂ ನಡುವೆ ಎರಡು ರಾಜ್ಯಗಳ ಗಡಿಯಿತ್ತು! 1799ರ ಮಾರ್ಚಿಯಲ್ಲಿ ಜನರಲ್ ಹ್ಯಾರಿಸನ ಸೈನ್ಯ ಈ ದಾರಿಯಿಂದಲೇ ಶ್ರೀರಂಗಪಟ್ಟಣಕ್ಕೆ ನಡೆಯಿತು. ಟಿಪ್ಪು ಮಡಿದ ಮೇಲೆ ಹೊಸೂರೂ ಕುಂಪಣಿಗೆ ಸೇರಿ ಸೇಲಂ ಜಿಲ್ಲೆಯ ಭಾಗವಾಯಿತು. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ನಾವು ಮದರಾಸಿನಲ್ಲಿ ಉಳಿದೆವು. 1965ರಲ್ಲಿ ಧರ್ಮಪುರಿ ಜಿಲ್ಲೆಯವರಾದೆವು. 2004ರಲ್ಲಿ ಕೃಷ್ಣಗಿರಿ ಜಿಲ್ಲೆಯವರಾದೆವು. ನಾವು ಮನೆ ಬಿಟ್ಟು ಕದಲಲಿಲ್ಲ. ಗಡಿಗಳೇ ಬಂದು ಹೋದವು. ಇದನ್ನು ಕೇಳಿ ಅತಿಥಿ ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ನಮ್ಮ ಮುತ್ತಜ್ಜ ಹೇಳಿದ ‘ಸೇಲಂ’ ಇದೂ ಆಗಿರಬಹುದು” ಎಂದರು. ಆಗಿರಬಹುದು, ಆಗಿಲ್ಲದೆಯೂ ಇರಬಹುದು. ನಾವು ಹೌದೆನ್ನಲಿಲ್ಲ. ಸಂತೋಷಪಡಿಸುವ ಸುಳ್ಳನ್ನು ಅತಿಥಿಗೆ ಬಡಿಸುವುದು ಸತ್ಕಾರವಲ್ಲ.

ದೆಂಕಣಿಕೋಟೆ, ತಳಿ, ಜವಳಗಿರಿಗಳ ಕಡೆಯ ಮಾತು ಬೇರೆ. ತಳಿಯ ತಂಪನ್ನು ಕಂಡು ಆಂಗ್ಲರು ಅದನ್ನು ‘ಲಿಟಲ್ ಇಂಗ್ಲೆಂಡ್’ ಎಂದು ಕರೆದರು. ಈಗ ಅಲ್ಲಿ ಗುಲಾಬಿಯ ಬೆಳೆ ಪ್ರಸಿದ್ಧ. ದೆಂಕಣಿಕೋಟೆಯ ಹೆಸರನ್ನು ತಮಿಳಿನಲ್ಲಿ ಜೇನು, ಹಣ್ಣು ಎಂಬ ಅರ್ಥ ಬರುವಂತೆ ಬರೆಯುತ್ತಾರೆ. ನಮ್ಮ ಕಿವಿಗೆ ಅದರಲ್ಲಿ ‘ತೆಂಕಣ’ ಎಂಬ ಕನ್ನಡದ ದಿಕ್ಕು ಕೇಳಿಸುತ್ತದೆ. ಎರಡೂ ಸವಿಯೇ, ಜಗಳ ಬೇಡ. ಅಲ್ಲಿನ ಸ್ವಾಮಿಯಂತೂ ಬೇಟೆರಾಯ. ಬೇಟೆ ಯಾವ ನುಡಿ ಎಂದು ನಿಮಗೆ ಹೇಳಬೇಕಾಗಿಲ್ಲ. ತಳಿಯ ಸೀಮೆಯ ಗುಮ್ಮಳಾಪುರವನ್ನು ಕನ್ನಡಿಗರು ಮರೆಯಕೂಡದು. ಶೂನ್ಯಸಂಪಾದನೆಯನ್ನು ಪರಿಷ್ಕರಿಸಿದವರಲ್ಲಿ ಒಬ್ಬನಾದ ಸಿದ್ಧಲಿಂಗಯತಿ ತನ್ನ ಹೆಸರಿನೊಡನೆ ಹೊತ್ತ ಊರು ಗುಮ್ಮಳಾಪುರ. (ಕಾವ್ಯವನ್ನು ಬದಿಗಿಟ್ಟೆವೆಂದು ಹೇಳಿದ್ದೆವು, ಕಾರ್ಯದರ್ಶಿಗಳು ಇಷ್ಟನ್ನು ಮನ್ನಿಸಬೇಕು.)

ಈ ಭಾಗಕ್ಕೆ ಬರುವವರು ಮೊದಲು ಕೇಳುವುದು, “ಆನೆ ಕಾಣುತ್ತದೆಯೆ?” ಎಂದು. ಚಳಿಗಾಲ ಬಂತೆಂದರೆ ಬನ್ನೇರುಘಟ್ಟದ ಕಾಡಿನಿಂದ ಆನೆಯ ಹಿಂಡುಗಳು ತಳಿ, ಜವಳಗಿರಿ ಮಾರ್ಗವಾಗಿ ಸಾನಮಾವಿನವರೆಗೆ ಬರುತ್ತವೆ. ರಾಗಿ ತೆನೆ ತೂಗುವ ಕಾಲವೂ ಅದೇ. ರೈತನು ಅಟ್ಟಣೆಯ ಮೇಲೆ ನಿದ್ದೆಗೆಟ್ಟು ತಮಟೆ ಬಾರಿಸುತ್ತಿರುವಾಗ ರಸ್ತೆಯಲ್ಲಿ ಕಾರು ನಿಲ್ಲಿಸಿ ಆನೆಗೆ ಕೂಗು ಹಾಕುವವರನ್ನು ನಾವು ಕಂಡಿದ್ದೇವೆ. ಆನೆ ರೇಗಿದರೆ ಅವರಿಗೆ ಕಾರುಂಟು. ಮರುದಿನ ಅದೇ ಹೊಲಕ್ಕೆ ನಡೆದು ಹೋಗಬೇಕಾದವನು ರೈತ. ಆನೆಯನ್ನು ತೋರಿಸುವುದಾಗಿ ಯಾರೂ ಯಾರಿಗೂ ಮಾತು ಕೊಡದಿರಲಿ. ನಮ್ಮ ಶಿಷ್ಯನಿಗೂ ಹಾಗೆಯೇ ಹೇಳಿದೆವು. ಅವನ ಮುಖ ಸ್ವಲ್ಪ ಚಿಕ್ಕದಾಯಿತು.

ಕೃಷ್ಣಗಿರಿಯ ಬೆಟ್ಟದ ಕೋಟೆ, ಕಾಮರಾಜರ ಆಡಳಿತದಲ್ಲಿ ಕಟ್ಟಿದ ಅಣೆಕಟ್ಟು, ಬೇಸಗೆಯ ಮಾವಿನ ತೋಪುಗಳು, ಇವನ್ನು ಬಲ್ಲವರು ಬಹಳ. ಮಲ್ಲಚಂದ್ರದ ಕಲ್ಮನೆಗಳನ್ನು ಬಲ್ಲವರು ಕಡಿಮೆ. ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಪುರಾತನರ ಸಮಾಧಿಗಳು ಅಲ್ಲಿ ಗುಂಪುಗುಂಪಾಗಿವೆ. ಆ ಬಂಡೆಗೆ ಜನ ‘ಮೋರಲ್ ಪಾರೆ’ ಎನ್ನುತ್ತಾರೆ. ದೂರದ ಕೊಪ್ಪಳ ಸೀಮೆಯ ಹಿರೇಬೆಣಕಲ್ಲಿನಲ್ಲಿ ಇಂಥವೇ ಕಲ್ಮನೆಗಳಿರುವ ಗುಡ್ಡಕ್ಕೆ ‘ಮೊರೇರ ಗುಡ್ಡ’ ಎನ್ನುತ್ತಾರೆ. ಹೆಸರುಗಳ ಈ ಹೋಲಿಕೆ ಯೋಚನೆಗೆ ತಕ್ಕದ್ದು.

ಮೂರನೆಯ ದಿನ ಅಂಚೆಟ್ಟಿಯ ಕಾಡುದಾರಿಯಾಗಿ ಹೊಗೇನಕಲ್ಲಿಗೆ ಹೋದೆವು. ಕಾವೇರಿ ಬಂಡೆಗಳ ನಡುವೆ ಸೀಳಿ ಸೀಳಿ ಬಿದ್ದು ಹೊಗೆಯಾಗಿ ಏಳುತ್ತಾಳೆ. ಹೊಗೆಯ ಕಲ್ಲು ಹೊಗೇನಕಲ್ಲು. ಇದೂ ತಮಿಳು ಬರಹದಲ್ಲಿ ‘ಒಗೇನಕ್ಕಲ್’ ಆಗಿ, ಹಕಾರ ಹೋದೊಡನೆ ಹೊಗೆಯೂ ಹೋಗಿದೆ. ಬಿದಿರಿನ ಹರಿಗೋಲಿನಲ್ಲಿ ಕುಳಿತು ಬಂಡೆಗಳ ಇಕ್ಕೆಲದ ಗೋಡೆಯ ನಡುವೆ ತೇಲಿದವನು ಅದನ್ನು ಮರೆಯಲಾರ.

ಇಲ್ಲಿ ನಮ್ಮದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಶಾಲೆಯ ಮಕ್ಕಳನ್ನು ನಾವು ಅಲ್ಲಿಗೆ ಕರೆದೊಯ್ದಿದ್ದೆವು. ನೀರು ಮೊಣಕಾಲಿನಷ್ಟಿದೆಯೆಂದು ಕಣ್ಣಳತೆಯಿಂದ ನಿರ್ಧರಿಸಿ ಸ್ನಾನಕ್ಕೆ ಅಪ್ಪಣೆ ಕೊಟ್ಟೆವು. ಪಾಚಿಗಟ್ಟಿದ ಬಂಡೆಯಿಂದ ಎಂಟನೆಯ ತರಗತಿಯ ಹುಡುಗನೊಬ್ಬ ಜಾರಿದ. ನಾವು ಕೂಗುವಷ್ಟರಲ್ಲಿ ಹತ್ತು ಮಾರು ದೂರ ಹೋಗಿದ್ದ. ಹರಿಗೋಲಿನ ಅಂಬಿಗನೊಬ್ಬ ನೀರಿಗೆ ಹಾರಿ ಅವನ ಅಂಗಿಯ ಕೊರಳುಪಟ್ಟಿ ಹಿಡಿದು ತಂದ. ಮೇಲೆ ತಂದವನನ್ನು ಕಂಡು ನಮಗೆ ಮಾತು ಹೊರಡಲಿಲ್ಲ. ಅಂಬಿಗ ನಮ್ಮನ್ನು ನೋಡಿ, “ಸಾಮಿ, ಇದು ನಿಮ್ಮೂರ ಕೆರೆ ಅಲ್ಲ. ಎಲ್ಲಿ ಇಳೀಬೇಕು ಅಂತ ನಮ್ಮನ್ನ ಒಂದು ಮಾತು ಕೇಳಬಾರದಾ?” ಎಂದ. ಕನ್ನಡದಲ್ಲಿಯೇ ಹೇಳಿದ. ಅಂದಿನಿಂದ ಆ ನೀರನ್ನು ಬಲ್ಲವರನ್ನು ಕೇಳದೆ ನಾವು ಯಾರನ್ನೂ ನೀರಿಗೆ ಬಿಟ್ಟಿಲ್ಲ. ಹೊಳೆ ತುಂಬಿದಾಗ ಜಿಲ್ಲಾಡಳಿತ ಹರಿಗೋಲನ್ನು ನಿಲ್ಲಿಸುತ್ತದೆ. ಅಂಥ ದಿನ ಹೆಚ್ಚು ದುಡ್ಡು ಕೊಟ್ಟು ಕದ್ದು ಹೋಗುವ ಯೋಚನೆ ಬೇಡ. ಡರ್ಬನ್ನಿನ ಬಾವುಟದ ಮಾತು ನಮಗೆ ಅಷ್ಟು ನಾಟಿದ್ದೇಕೆಂದು ಈಗ ನಿಮಗೆ ತಿಳಿದಿರಬಹುದು.

ಅತಿಥಿ ಹಿಂದಿರುಗುವಾಗ ರಾಯಕೋಟೆಯ ಬೆಟ್ಟದ ಒಂದು ಹರಳುಕಲ್ಲನ್ನು ಕಾಗದದಲ್ಲಿ ಸುತ್ತಿಕೊಂಡು ಹೋದರು. ಅವರ ತಾಯಿಗೆ ತೋರಿಸಲಿಕ್ಕಂತೆ.

ಸಂಘದ ಮುಂದೆ ನಮ್ಮದೊಂದು ಬಿನ್ನಹ. ಕನ್ನಡ ತರಗತಿಯಲ್ಲಿ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವುದನ್ನು ನೀವೆಲ್ಲ ಬಲ್ಲಿರಿ. ಅದಕ್ಕೆ ಭಾಷಣದಿಂದ ಔಷಧವಿಲ್ಲ. ಇರುವ ಮಕ್ಕಳಿಗಾದರೂ ಈ ಬೆಟ್ಟ ಹೊಳೆಗಳ ಪರಿಚಯ ಕಾಲಿನಿಂದ ಆಗಲಿ. ಮೂರು ಭಾಷೆಗಳಲ್ಲಿ ಒಂದು ಕೈಪಿಡಿಯನ್ನು ಅವರ ಕೈಯಿಂದಲೇ ಬರೆಯಿಸೋಣ: ಹೆಸರಿನ ಅರ್ಥ, ದಾರಿ, ಹೊತ್ತು, ಎಲ್ಲಿ ಇಳಿಯಬಾರದು ಎಂಬ ಎಚ್ಚರಿಕೆ. ಕಾಗದ, ಅಚ್ಚಿನ ವೆಚ್ಚವನ್ನು ಸಂಘ ವಹಿಸಲಿ. ತಿದ್ದುವ ಕೆಲಸ ನಮ್ಮದು. ಬರುವ ಭಾನುವಾರ ಬೆಳಿಗ್ಗೆ ಐದೂವರೆಗೆ ಚಂದ್ರಚೂಡೇಶ್ವರನ ಬೆಟ್ಟದ ಕೆಳಗಿನ ಮೆಟ್ಟಿಲ ಬಳಿ ನಾವು ಇರುತ್ತೇವೆ. ಮಕ್ಕಳನ್ನು ಕಳುಹಿಸಿರಿ, ಕಾಲಿಗೆ ಗಟ್ಟಿಯಾದ ಚಪ್ಪಲಿ, ಕೈಯಲ್ಲಿ ಒಂದು ನೋಟುಪುಸ್ತಕ ಇರಲಿ. ಮಜ್ಜಿಗೆಯನ್ನು ನಾವು ತರುತ್ತೇವೆ.